ಹಡಗು ಹತ್ತಿದ ಸಂಸಾರ

“ಇಷ್ಟೆಲ್ಲಾ ಯಾಕ್ರಿ?”

ಎರಡು ವರ್ಷದ ಮೇಲೆ ಎದುರಿಗೆ ಬಂದ ಗಂಡ ಸುಧಾರಾಣಿಗೆ ಆಡಿದ ಮೊದಲ ಮಾತು ಇದು.

ಯಲ್ಲಾಲಿಂಗ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ನ್ಯೂಜಿಲೆಂಡಿನಿಂದ ತಂದ ಬ್ಯಾಗು ಇನ್ನೂ ಹೆಗಲ ಮೇಲಿತ್ತು. ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಬೆನ್ನ ಹಿಂದಿನ ಸಾಮಾನನ್ನು. ಗೋಡೆಗೆ ಒರಗಿಸಿಟ್ಟ ಮಂಚ, ಪ್ಲಾಸ್ಟಿಕ್ ಹೊದ್ದ ಬಟ್ಟೆಯ ತಿಜೂರಿ, ರಟ್ಟಿನ ಡಬ್ಬಿ ಬಿಚ್ಚದ ಕುಕ್ಕರು, ಮಿಕ್ಸರು, ಒಂದರ ಮೇಲೊಂದು ಏರಿ ಕೂತ ಸ್ಟೀಲಿನ ಪಾತ್ರೆ ಭಾಂಡೆ.

“ಮದುವಿ ಸಾಮಾನು,” ಎಂದಳು ಸುಧಾರಾಣಿ. “ಹಡಗಿನ್ಯಾಗ ಕಳಸೂದು ಅಂತ ಮಾತಾಗಿತ್ತಲ್ರಿ?”

“ಆಗಿತ್ತು ಖರೆ. ಆದ್ರ ಅಲ್ಲಿ ಎಲ್ಲಾ ಸಿಗತೈತ್ರಿ. ನೀವು ಬರೇ ಒಂದು ಬ್ಯಾಗ್ ತಂದ್ರ ಸಾಕು.”

ಅವಳು ಅಡುಗೆಮನೆಗೆ ಹೋಗಿ ನೀರು ತಂದುಕೊಟ್ಟಳು. ಲೋಟ ತಗೊಳ್ಳುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಒಟ್ಟಿಗೆ “ಸಾರಿ” ಅಂದರು. ಅಡುಗೆಮನೆಯಲ್ಲಿದ್ದ ಅವ್ವ ಸಾವಂತ್ರವ್ವ ಅದನ್ನು ಕೇಳಿಸಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಯಲ್ಲಾಲಿಂಗ ಕಳ್ಳಕವಟಗಿ ಹಳ್ಳಿಯವನು. ಕುರಿ, ಎಮ್ಮೆ ಕಟ್ಟಿಕೊಂಡು ಬಂದ ಮನೆತನ. ಡೈರಿ ಡಿಪ್ಲೊಮಾ ಮುಗಿಸಿ, ನ್ಯೂಜಿಲೆಂಡಿನ ಒಂದು ಹಸುವಿನ ಫಾರ್ಮಿನಲ್ಲಿ ಕೆಲಸ ಹಿಡಿದಿದ್ದ. ಸುಧಾರಾಣಿ ವಿಜಯಪುರದ ಜಲನಗರದ ಹುಡುಗಿ, ಹೈಸ್ಕೂಲಿನಲ್ಲಿ ಸೈನ್ಸ್ ಟೀಚರು. ತಂದೆ ಇಲ್ಲ. ಅವ್ವ ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸು. ಮದುವೆಯಾದ ತಿಂಗಳೊಳಗೇ ಯಲ್ಲಾಲಿಂಗನ ರಜೆ ಮುಗಿದಿತ್ತು. ಅವಳ ವೀಸಾ ಒಮ್ಮೆ ತಿರಸ್ಕಾರವಾಯಿತು, ಮತ್ತೆ ಅರ್ಜಿ, ಮತ್ತೆ ಕಾಯುವುದು. ಆ ಎರಡು ವರ್ಷ ಅವರ ದಾಂಪತ್ಯವೆಲ್ಲ ಫೋನಿನಲ್ಲೇ ನಡೆಯಿತು. ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಹೊತ್ತಿಗೆ ಅಲ್ಲಿ ಮಧ್ಯಾಹ್ನದ ಹಾಲು ಕರೆಯುವ ಸಮಯ. ಮಶೀನಿನ ಗದ್ದಲದ ನಡುವೆ ಅವನು “ನಾಷ್ಟಾ ಆತೇನ್ರಿ?” ಎನ್ನುತ್ತಿದ್ದ. ಅವಳು “ಆತ್ರಿ” ಎನ್ನುತ್ತಿದ್ದಳು. ಉಳಿದದ್ದನ್ನು ಹೇಳುವಷ್ಟರಲ್ಲಿ ಆಟೋದವನು ಹಾರ್ನ್ ಹೊಡೆಯುತ್ತಿದ್ದ.

ಈಗ ವೀಸಾ ಬಂದಿತ್ತು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಅವಳು ರಾಜೀನಾಮೆ ಕೊಟ್ಟಿದ್ದಳು. ಮೇ ತಿಂಗಳು ಅಲ್ಲಿ ಹಸುಗಳ ಹಾಲು ಬತ್ತಿಸುವ ಕಾಲ, ಹಾಗಾಗಿ ಅವನಿಗೆ ರಜೆ. ಅವನು ಬಂದು, ಸಾಮಾನು ಕಳಿಸಿ, ಮೊದಲು ತಾನು ಹೋಗುವುದು. ಹಡಗು ಮುಟ್ಟಿ, ಮನೆ ಸಜ್ಜಾದ ಮೇಲೆ ಆಗಸ್ಟಿನಲ್ಲಿ ಅವಳು. ಹೀಗೆಂದು ಅವನೇ ಹೇಳಿ, ಅವಳ ಟಿಕೆಟ್ಟನ್ನೂ ಮಾಡಿಸಿದ್ದ.

ಒಂದು ಬ್ಯಾಗು ಸಾಕಂತೆ! ನೆಂಟರ ಮನೆಗೆ ಹೋಗುವವರು ಒಂದು ಬ್ಯಾಗು ಹಿಡಿದು ಹೋಗುತ್ತಾರೆ. ಸಂಸಾರಕ್ಕೆ ಹೋಗುವವರು ಹಾಗೆ ಹೋಗುತ್ತಾರೆಯೇ?

*

ಮರುದಿನ ಪ್ಯಾಕಿಂಗ್ ಕಂಪನಿಯ ಮಿಲಿಂದ ಸಾಮಾನು ನೋಡಲು ಬಂದ. ನಗೆಮುಖದ ಮನುಷ್ಯ. ಟೇಪು ಹಿಡಿದು ಮಂಚ ಅಳೆದ, ತಿಜೂರಿ ಅಳೆದ. ಆಮೇಲೆ ಕುಕ್ಕರಿನ ಡಬ್ಬಿಯನ್ನು ಬೆರಳಿಂದ ತಟ್ಟಿದ.

“ಇವನ್ನ ಬಳಸೀರೇನ್ರಿ?”

“ಇಲ್ರಿ. ಎಲ್ಲಾ ಹೊಸಾವು,” ಎಂದಳು ಸಾವಂತ್ರವ್ವ ಹೆಮ್ಮೆಯಿಂದ.

“ಅದೇ ಫಜೀತಿ ನೋಡ್ರಿ. ಬಳಸಿದ ಮನಿ ಸಾಮಾನು ಅಂದ್ರ ಅಲ್ಲಿ ಸುಮ್ನ ಬಿಡ್ತಾರ. ಡಬ್ಬಿ ಸೈತ ಒಡದಿಲ್ಲ ಅಂದ್ರ ಅಂಗಡಿ ಮಾಲು ಅಂತಾರ. ಮತ್ತ ಮಣ್ಣು, ಕಾಳು, ಹುಳ ಹತ್ತಿದ ಕಟ್ಟಿಗಿ ಏನೂ ಇರಬಾರ್ದು.” ಮಿಲಿಂದ ದನಿ ತಗ್ಗಿಸಿದ. “ಕೆಲವರು ಮ್ಯಾಲೆ ಒಂದೆರಡು ಗೀರು ಹಾಕಿಬಿಡ್ತಾರ.”

“ಗೀರು ಯಾಕ ಹಾಕಬೇಕೋ ಯಪ್ಪಾ?” ಸಾವಂತ್ರವ್ವ ಸೊಂಟದ ಮೇಲೆ ಕೈಯಿಟ್ಟಳು. “ಗಂಡಾ ಹೇಂತಿ ಇಬ್ರೂ ಇಲ್ಲೇ ಅದಾರ. ಮ್ಯಾಲಿನ ಮನಿ ಬಾಡಿಗಿಯವರು ಬಿಟ್ಟು ಖಾಲಿ ಬಿದ್ದೈತಿ. ಲಾರಿ ಬರೂತನಕ ಬಳಸ್ತಾರ ಬಿಡು!”

ಸುಧಾರಾಣಿ ಯಲ್ಲಾಲಿಂಗನ ಕಡೆ ನೋಡಿದಳು. ಅವನೂ ಅದೇ ಗಳಿಗೆಯಲ್ಲಿ ನೋಡಿದ. ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಳು. ತಕ್ಷಣ ತನ್ನ ಕಿವಿ ಮುಟ್ಟಿನೋಡಿಕೊಳ್ಳಬೇಕೆನಿಸಿತು.

ಹೀಗೆ ಅವರ ಸಂಸಾರ ಶುರುವಾಯಿತು.

*

ಮೊದಲ ದಿನವೆಲ್ಲ ಪಾತ್ರೆಯ ಮೇಲಿನ ಸ್ಟಿಕ್ಕರು ಕೀಳುವುದರಲ್ಲೇ ಹೋಯಿತು. ಮಹಡಿಯ ನೆಲದ ಮೇಲೆ ಎದುರುಬದುರು ಕೂತು, ಕೊಬ್ಬರಿ ಎಣ್ಣೆ ಹಚ್ಚಿ ಅಂಟು ಉಜ್ಜಿದರು. ಪ್ರತಿ ಪಾತ್ರೆಯ ಅಂಚಿನಲ್ಲೂ ಭಾಂಡೆ ಅಂಗಡಿಯವನು ಮಶೀನಿನಿಂದ ಕೊರೆದ ಚುಕ್ಕಿ ಅಕ್ಷರ. ಯಲ್ಲಾಲಿಂಗ ಒಂದು ತಟ್ಟೆ ಎತ್ತಿ ಓದಿದ.

“ಸುಧಾರಾಣಿ ಯಲ್ಲಾಲಿಂಗ.”

ಅವನ ಬಾಯಲ್ಲಿ ಎರಡೂ ಹೆಸರು ಒಟ್ಟಿಗೆ ಕೇಳಿದ್ದು ಅದೇ ಮೊದಲು. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಬೋಗಾಣಿಯ ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿದಳು.

“ಅದು ಎಣ್ಣಿ ಸಾಕಾತು ಅಂತೈತ್ರಿ,” ಎಂದ ಅವನು ಮೆಲ್ಲಗೆ.

“ಯಾರ ಅಂದದ್ದು?”

“ಆ ಬೋಗಾಣಿ.”

ಅವಳಿಗೆ ನಗು ತಡೆಯಲಾಗಲಿಲ್ಲ.

ಚಹಾ ಅವನದು. ನೀರೇ ಹಾಕದೆ ಬರೀ ಹಾಲಿನಲ್ಲಿ ಕುದಿಸುತ್ತಿದ್ದ. ರೊಟ್ಟಿ ಅವಳದು. ಆದರೆ ಒಂದು ದಿನ ಅವನೇ ಹಿಟ್ಟು ನಾದಲು ಕೂತ. ಅವನು ಬಡಿದ ರೊಟ್ಟಿ ಒಂದು ಕಡೆ ಹರಿದು, ಇನ್ನೊಂದು ಕಡೆ ಉಬ್ಬಿತು.

“ಯಾರು ಕಲಿಸ್ಯಾರ?” ಎಂದಳು.

“ಯಾರೂ ಇಲ್ಲ. ಅಲ್ಲಿ ಜ್ವಾಳದ ಹಿಟ್ಟು ಸಿಗಬೇಕಂದ್ರ ಕಾರಿನ್ಯಾಗ ಭಾಳ ದೂರ ಹೋಗಬೇಕು. ಒಮ್ಮೆ ತಂದಿದ್ದೆ. ನೀವು ಬಂದ ಮೊದಲನೇ ದಿನ ದಣಿದಿರತೀರಿ, ನಾನ ಮಾಡಿ ಹಾಕಬೇಕು ಅಂತ.”

ಇದನ್ನು ಅವನು ಹಂಚು ನೋಡುತ್ತಾ ಹೇಳಿದ. ಹರಿದ ರೊಟ್ಟಿಯನ್ನು ಅವಳು ತನ್ನ ತಟ್ಟೆಗೆ ಹಾಕಿಕೊಂಡಳು. ಅವನು ಬೇಡವೆಂದು ಕೈಚಾಚಿದರೂ ಕೊಡಲಿಲ್ಲ.

ದಿನಗಳು ಹೀಗೆ ಸರಿದವು. ಮಿಕ್ಸರು ತಿರುಗಿತು, ಮಂಚದ ಪ್ಲಾಸ್ಟಿಕ್ ಹರಿಯಿತು, ಹೊಸ ಕುಕ್ಕರಿನ ತಳ ಒಂದು ಸಂಜೆ ಮಾತಿನಲ್ಲಿ ಮೈಮರೆತು ಕಪ್ಪಾಯಿತು. ಅವನು ಫಾರ್ಮಿನ ಹಸುಗಳ ಫೋಟೋ ತೋರಿಸಿದ. ಅಲ್ಲಿ ಹಸುಗಳಿಗೆ ನಂಬರು ಮಾತ್ರ. ಇವನು ಗುಟ್ಟಾಗಿ ಒಂದಕ್ಕೆ ದುಂಡವ್ವ ಎಂದು ಹೆಸರಿಟ್ಟಿದ್ದ, ಕರೆದರೆ ತಿರುಗಿ ನೋಡುತ್ತದಂತೆ. ಬಿಸಿಲಿಗೆ ಕಾದ ಮಹಡಿಯಲ್ಲಿ ಕೂಲರಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತು ಅವಳು ಆ ಹಸಿರು ಹುಲ್ಲನ್ನು ನೋಡಿದಳು. ಆ ಭುಜ ಅವಳಿಗೆ ಈಗ ಹೊಸದೆನಿಸಲಿಲ್ಲ.

ಆದರೂ ಒಂದು ಮುಳ್ಳು ಹಾಗೇ ಇತ್ತು. ಅವಳು ಕಳಿಸಲೆಂದು ಒಂದು ಬದಿಗಿಟ್ಟ ಸಾಮಾನಿನಿಂದ ಅವನು ದಿನವೂ ಏನನ್ನಾದರೂ ತೆಗೆದು ಈ ಬದಿಗೆ ಇಡುತ್ತಿದ್ದ. ದೊಡ್ಡ ಬೋಗಾಣಿ ಬೇಡ. ಮಂಚ ಬೇಡ. ಅವಳ ಪುಸ್ತಕದ ಕಪಾಟು ಯಾಕೆ, ಆಮೇಲೆ ನೋಡೋಣ. ಪ್ರೀತಿಯಿಂದಲೇ ಹೇಳುತ್ತಿದ್ದ, ಆದರೆ ಹೇಳುತ್ತಲೇ ಇದ್ದ. ಇಷ್ಟು ಹತ್ತಿರ ಕೂರುವವನು ಈ ಸಂಸಾರದ ಸಾಮಾನನ್ನು ಮಾತ್ರ ಯಾಕೆ ಆ ದಡಕ್ಕೆ ಬಿಟ್ಟುಕೊಳ್ಳುತ್ತಿಲ್ಲ?

*

ಲಾರಿ ಬರುವ ಹಿಂದಿನ ದಿನ ಸುಧಾರಾಣಿಯ ಅತ್ತೆಯನ್ನು ಮತ್ತೊಮ್ಮೆ ನೋಡಿಬರಲು ಬೈಕಿನಲ್ಲಿ ಕಳ್ಳಕವಟಗಿಗೆ ಹೊರಟರು. ತಿಕೋಟಾ ದಾಟಿದ ಮೇಲೆ ದ್ರಾಕ್ಷಿ ತೋಟಗಳು. ಹಣ್ಣು ಮುಗಿದು ಬಳ್ಳಿ ಕತ್ತರಿಸಿದ್ದರು. ಒಣದ್ರಾಕ್ಷಿಯ ಶೆಡ್ಡುಗಳು ಬಿಸಿಲಲ್ಲಿ ಖಾಲಿ ನಿಂತಿದ್ದವು. ರಸ್ತೆ ಬದಿಯ ಬೇವಿನ ನೆರಳಲ್ಲಿ ಅವನು ಬೈಕು ನಿಲ್ಲಿಸಿ ನೀರಿನ ಬಾಟಲಿ ಕೊಟ್ಟ. ಅವಳು ಕುಡಿಯಲಿಲ್ಲ.

“ಒಂದು ಮಾತು ಕೇಳ್ತೀನಿ, ಖರೆ ಹೇಳ್ರಿ. ನಾ ಬರೂದು ನಿಮಗ ಮನಸಿಲ್ಲೇನು?”

ಅವನು ಬೆಚ್ಚಿಬಿದ್ದ. “ಏನ್ ಮಾತಾಡಾಕತ್ತೀರಿ?”

“ಮತ್ತ ನನ್ನ ಒಂದೊಂದ ಸಾಮಾನು ಹಿಂದಕ ಯಾಕ ಇಡಾಕತ್ತೀರಿ?”

ಅವನು ಬೇವಿನ ಬುಡದಲ್ಲಿ ಕೂತ. ತನ್ನ ಅಂಗೈ ನೋಡಿಕೊಳ್ಳುತ್ತಾ ನಿಧಾನಕ್ಕೆ ಹೇಳಿದ.

“ನಮ್ಮ ಬಾಜೂ ಫಾರ್ಮಿಗೆ ನಮ್ಮ ದೇಶದಾಕಿ ಒಬ್ಬಾಕಿ ಬಂದಿದ್ಲು. ಕೆಲಸದವನ ಹೇಂತಿ. ಮನಿ ಅಂದ್ರ ಸುತ್ತೂ ಬರೇ ಹುಲ್ಲು, ಮಾತಾಡಾಕ ಯಾರೂ ಇಲ್ಲ, ಥಂಡಿ. ಆಕಿ ದಿನಾ ಅಳತಿದ್ಲು. ಊರಿಗೆ ಹೊಳ್ಳಿ ಹೋಗವ್ವ ಅಂದ್ರ, ತವರಮನಿಯಿಂದ ಇಡೀ ಸಂಸಾರ ಹಡಗಿನ್ಯಾಗ ತಂದೀನಿ, ಈಗ ಯಾವ ಮಾರಿ ಹೊತ್ತು ಹೋಗ್ಲಿ ಅಂತಿದ್ಲು. ಆ ಸಾಮಾನ ಆಕೀನ್ನ ಕಟ್ಟಿಹಾಕಿತ್ತು.”

ಅವನು ತಲೆ ಎತ್ತಿದ. ಕಣ್ಣು ತುಂಬಿದ್ದವು.

“ನಿಮ್ಮ ಬ್ಯಾಗ್ ಹಗೂರ ಇದ್ರ, ಮನಸಿಗೆ ಬರದಿದ್ರ ಯಾವಾಗ ಬೇಕಾದ್ರೂ ಬರಬೌದು. ಯಾರೂ ಏನೂ ಕೇಳಂಗಿಲ್ಲ. ಅದಕ್ಕ. ನನ್ನ ಕಡಿಂದ ನೋಡಿದ್ರ, ನಿಮ್ಮನ್ನ ಕಳಕೊಳ್ಳೂದಂದ್ರ ಜೀವಾ ಹೋದಂಗ. ಆದ್ರೂ ಆ ಬಾಗಲಾ ಮುಚ್ಚಬಾರದು ಅನಸ್ತು.”

ಸುಧಾರಾಣಿಗೆ ಸಿಟ್ಟು ಬಂತು. ತನಗಾಗಿ ಇಷ್ಟು ಯೋಚಿಸಿದವನು ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ!

“ಎಲ್ಲಾ ನೀವ ವಿಚಾರ ಮಾಡಿಬಿಟ್ರಿ,” ಎಂದಳು. “ನಾ ಅಳತೀನಿ ಅಂತನೂ ನೀವ, ಹೊಳ್ಳಿ ಬರತೀನಿ ಅಂತನೂ ನೀವ. ನನ್ನನ್ನ ಕೇಳೂದು ಬ್ಯಾಡೇನು?”

“ಕೇಳಾಕ ಅಂಜಿಕಿ ಬಂತು.”

“ಈಗ ಕೇಳ್ರಿ.”

ಅವನು ಎದ್ದು ನಿಂತ. ಬೇವಿನ ಎಲೆಯ ನೆರಳು ಅವನ ಮುಖದ ಮೇಲೆ ಆಡುತ್ತಿತ್ತು.

“ಸುಧಾ, ನೀ... ನನ್ನ ಕೂಡ ಬರತೀಯೇನು?”

ಅವನು ‘ನೀ’ ಅಂದದ್ದು ಅವಳ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು. “ಬರತೀನಿ,” ಎಂದಳು. “ಅಳೂದು ಬಂದ್ರ ಅಳತೀನಿ. ಊರಿಗೆ ಬರಬೇಕು ಅನಿಸಿದ್ರ ಬರತೀನಿ, ಬೋಗಾಣಿ ಅಲ್ಲೇ ಬಿಟ್ಟು. ನನ್ನನ್ನ ಕಟ್ಟಿಹಾಕೂವಷ್ಟು ಗಟ್ಟಿ ಬೋಗಾಣಿ ಯಾವ ಅಂಗಡ್ಯಾಗೂ ಇಲ್ಲ.”

ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ಅತ್ತೆ ಮುದುಕವ್ವ ಕುರಿಹಟ್ಟಿಯ ಮುಂದೆ ಕಾಯುತ್ತಿದ್ದಳು. ಮಗನನ್ನು ಬಿಟ್ಟು ಸೊಸೆಯ ಕೈ ಹಿಡಿದು ಒಳಗೆ ಕರೆದೊಯ್ದಳು. ಮಜ್ಜಿಗೆ ಕೊಟ್ಟು, ತಾನು ಅರಕೇರಿಯಿಂದ ಮದುವೆಯಾಗಿ ಬಂದ ಕತೆ ತೆಗೆದಳು.

“ಅರಕೇರಿ ಏನು ದೂರ ಅಲ್ಲ ತಂಗಿ. ಆದ್ರೂ ವರ್ಸಗಟ್ಟಲೆ ತವರಿಂದ ತಂದ ಗಂಟು ಬಿಚ್ಚಿರಲಿಲ್ಲ. ನಾಳೆ ಹೋಗ್ತೀನಿ, ನಾಡದ ಹೋಗ್ತೀನಿ ಅಂತಿದ್ದೆ. ನಿಮ್ಮ ಮಾವ ಒಂದು ಮಾತೂ ಅನ್ನಲಿಲ್ಲ. ಒಂದಿನ ತನ್ನ ಅಂಗಿ ತಂದು ನನ್ನ ಗಂಟಿನ್ಯಾಗ ಇಟ್ಟಾನ. ಹೋಗೂದಾದ್ರ ನನ್ನನ್ನೂ ಕರಕೊಂಡು ಹೋಗು ಅಂದ!”

“ಆಮ್ಯಾಲ ಅತ್ತಿ?”

“ಆಮ್ಯಾಲೇನು, ಅಂಗಿ ತಗಿಯಾಕ ಗಂಟು ಬಿಚ್ಚಬೇಕಾತು.” ಮುದುಕವ್ವ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಬಾಗಿಲಲ್ಲಿ ನಿಂತಿದ್ದ ಯಲ್ಲಾಲಿಂಗ ಸುಧಾರಾಣಿಯನ್ನೇ ನೋಡುತ್ತಿದ್ದ. ಈ ಸಲ ಅವಳು ಕಣ್ಣು ತಗ್ಗಿಸಲಿಲ್ಲ.

*

ಲಾರಿ ಬೆಳಿಗ್ಗೆಯೇ ಬಂತು. ಮಿಲಿಂದನ ಜನ ಪಾತ್ರೆಗಳಿಗೆ ಕಾಗದ ಸುತ್ತಿದರು, ಮಂಚ ಬಿಚ್ಚಿದರು. ಲಟ್ಟಣಿಗೆ, ಮಣೆಗಳನ್ನು ಬ್ರಷ್ಷು ಹಾಕಿ ತಿಕ್ಕಿದರು. ಕುಕ್ಕರಿನ ಕಪ್ಪು ತಳ ನೋಡಿ ಮಿಲಿಂದ ಹೆಬ್ಬೆರಳೆತ್ತಿದ. ಮುಚ್ಚಳ ತೆರೆದಾಗ ಒಳಗೆ ಸಾವಂತ್ರವ್ವ ಬಚ್ಚಿಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿ ಸಿಕ್ಕಿತು.

“ಇದು ಹೋಗಂಗಿಲ್ರಿ ಯವ್ವಾ!”

“ಕಾಳಲ್ಲೋ, ಹಿಂಡಿ ಅದು!” ಎಂದು ಸಾವಂತ್ರವ್ವ ವಾದಕ್ಕೆ ನಿಂತಳು. ಸೋತಳು. ಆಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ಮೂಗೊರೆಸಿಕೊಂಡಳು. ಸುಧಾರಾಣಿ ಅವಳನ್ನು ಹಿಂದಿನಿಂದ ತಬ್ಬಿ ನಿಂತಳು.

ತಿಜೂರಿ ಅವ್ವನಿಗೆ ಉಳಿಯಿತು. ಹಾಗೆಂದು ತೀರ್ಮಾನಿಸಿದ್ದು ಸುಧಾರಾಣಿ. ಮಂಚ, ಭಾಂಡೆ, ಪುಸ್ತಕದ ಕಪಾಟು ಎಲ್ಲ ಲಾರಿ ಏರಿದವು. ಕಪಾಟನ್ನು ಯಲ್ಲಾಲಿಂಗ ತಾನೇ ಮಹಡಿಯಿಂದ ಹೊತ್ತು ಇಳಿಸಿದ.

ಲಾರಿ ಬೀದಿಯ ತಿರುವು ದಾಟಿದ ಮೇಲೆ ಇಬ್ಬರೂ ಮಹಡಿಗೆ ಬಂದರು. ಮನೆ ಬರಿದಾಗಿತ್ತು. ಆಡಿದ ಮಾತು ಗೋಡೆಗೆ ಬಡಿದು ತಿರುಗಿ ಕೇಳಿಸುತ್ತಿತ್ತು.

“ನನ್ನ ಟಿಕೆಟ್ ಬದಲಿ ಮಾಡಸ್ರಿ,” ಎಂದಳು.

“ಯಾಕ? ಆಗಸ್ಟ್ ಬ್ಯಾಡೇನು?”

“ನಿಮ್ಮ ವಿಮಾನದಾಗ ನನಗೂ ಒಂದು ಸೀಟು ನೋಡ್ರಿ.”

ಅವನು ನಂಬದೆ ಅವಳನ್ನೇ ನೋಡಿದ. “ಸುಧಾ, ಸಾಮಾನು ಮುಟ್ಟಾಕ ಇನ್ನೂ ತಿಂಗಳಗಟ್ಟಲೆ ಬೇಕು. ನಾ ಇಷ್ಟು ದಿನ ನಾಕ ಮಂದಿ ಕೂಡ ಇದ್ದೆ. ಫಾರ್ಮಿನವರು ಈಗ ಕೊಡೂ ಮನಿ ಹಿಂಗ ಖಾಲಿ ಇರತೈತಿ. ಮಂಚ ಇಲ್ಲ, ಕುರ್ಚಿ ಇಲ್ಲ. ಜೂನ್ ಅಂದ್ರ ಅಲ್ಲಿ ಥಂಡಿ ಕಾಲ.”

“ಗೊತ್ತೈತಿ.”

“ನಾ ಎಲ್ಲಾ ಸಜ್ಜ ಮಾಡಿ ಕರಸ್ಕೋಬೇಕು ಅಂತಿದ್ದೆ.”

“ನೀವು ಸಜ್ಜ ಮಾಡಿದ ಮನಿಗೆ ನಾ ಬಂದ್ರ ಅದು ನಿಮ್ಮ ಮನಿ ಆಗತೈತಿ,” ಎಂದಳು. “ಖಾಲಿ ಮನಿಗೆ ಇಬ್ರೂ ಕೂಡಿ ಹೋದ್ರ?”

ಯಲ್ಲಾಲಿಂಗ ಅವಳ ಮುಂದೆ ಬಂದು ನಿಂತು ಎರಡೂ ಕೈ ಹಿಡಿದುಕೊಂಡ. ಪೆಟ್ಟಿಗೆ ಎತ್ತಿದ ಕೈ ಬಿಸಿಯಾಗಿತ್ತು.

“ನೆಲದ ಮ್ಯಾಲೆ ಮಲಗಬೇಕಾಗತೈತಿ,” ಎಂದ.

“ನೆಲ ಅಷ್ಟು ಥಂಡಿ ಇರತೈತೇನು?”

“ಭಾಳ.”

“ಹಂಗಾದ್ರ ಸನೇಕ, ಒಬ್ರಿಗೊಬ್ರು ಹತ್ತಿ ಮಲಗಬೇಕಾಗತೈತಿ,” ಎಂದಳು ಸುಧಾರಾಣಿ. ಹೇಳಿದ ಮೇಲೆ ತನ್ನ ಧೈರ್ಯಕ್ಕೆ ತಾನೇ ನಾಚಿ ಅವನ ಎದೆಯಲ್ಲಿ ಮುಖ ಮುಚ್ಚಿಕೊಂಡಳು.

ಅವನು ನಕ್ಕದ್ದು ಅವಳಿಗೆ ಎದೆಯೊಳಗಿಂದ ಕೇಳಿಸಿತು.

ಕೆಳಗಿನಿಂದ ಅವ್ವ ಊಟಕ್ಕೆ ಕರೆದಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಸಾವಂತ್ರವ್ವ ಎದುರಿಗೆ ಬಂದು ನಿಂತಾಗಲೂ ಯಲ್ಲಾಲಿಂಗ ಹಿಡಿದ ಕೈ ಬಿಡಲಿಲ್ಲ.

“ಅತ್ತಿ,” ಎಂದ, “ನಿಮ್ಮ ಮಗಳು ಮುಂದಿನ ವಾರ ನನ್ನ ಕೂಡ ಹೊಂಟಾಳ.”