ನಾನೂರ ಹನ್ನೆರಡು ತಪ್ಪುಗಳ ಪುಸ್ತಕ

ಇದು ನಿಜವಾಗಿ ನಡೆದದ್ದು. ನಂಬದವರು ಆ ಹಾಲ್‌ನ ಕಬ್ಬಿಣದ ಬಾಗಿಲನ್ನೇ ಕೇಳಬಹುದು. ಈ ಕತೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುವುದು ಅದೇ. ಗುಟ್ಟು ರಟ್ಟಾದದ್ದು ಮಾತ್ರ ಅದು ಒಂದು ಸಲ ಬಾಯಿ ಮುಚ್ಚಿಕೊಂಡದ್ದರಿಂದ.

"ಅಕ್ಕಾ, ನನ್ನ ಮಾನ ಹೋಯ್ತು!"

ಶನಿವಾರ ಸಂಜೆ ನಾಲ್ಕೂವರೆಗೆ ಆ ಹಾಲ್‌ನ ಪ್ರೊಜೆಕ್ಟರ್ ಆಪರೇಟರು ಹೀಗೆ ಕೂಗುತ್ತ, ಹಾಲ್‌ನ ಕೆಳಗೇ ಇರುವ ಗಡಿಯಾರದಕ್ಕನ ಅಂಗಡಿಗೆ ನುಗ್ಗಿದ. ಅಕ್ಕ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ತೆಗೆಯಲಿಲ್ಲ.

"ಕೂತ್ಕೋ. ಉಸಿರು ಆಚೆ ಕಡೆ ಬಿಡು. ಇಲ್ಲೊಂದು ವಾಚು ಕರುಳು ಬಿಚ್ಕೊಂಡು ಮಲಗಿದೆ. ಮಾನ ಎಷ್ಟು ಗಂಟೆಗೆ ಹೋಯ್ತು?"

ಆ ಕಟ್ಟಡದಲ್ಲಿ ಏನು ಕಳೆದರೂ ಎಲ್ಲರೂ ಅಕ್ಕನ ಬಳಿಯೇ ಬರುತ್ತಿದ್ದರು. ಯೋಚಿಸುವುದು ಅಕ್ಕನ ಪಾಲು, ಮೆಟ್ಟಿಲು ಹತ್ತಿ ಇಳಿಯುವುದು ಆಪರೇಟರನ ಪಾಲು ಎಂದು ಎಷ್ಟೋ ವರ್ಷಗಳಿಂದ ಒಪ್ಪಂದವಾಗಿತ್ತು. ಆದರೆ ಈ ಸಲ ಆರೋಪಿಯೂ ಅವನೇ.

ಮಹಡಿಯ ಹಾಲ್‌ನಲ್ಲಿ ಶನಿವಾರದ ಸಿನಿಮಾ ಬಳಗ ಸೇರುತ್ತಿತ್ತು. ಈ ವರ್ಷದ ವಿಷಯ ಜಲಾಂತರ್ಗಾಮಿ ಸಿನಿಮಾಗಳು. ಏಳು ವಾರ, ಏಳು ಚಿತ್ರ. ಇವತ್ತು ಐದು ಗಂಟೆಗೆ ಚರ್ಚೆ, ಆಮೇಲೆ ಚೀಟಿ ಹಾಕಿ ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸುವುದು. ಚಿತ್ರಗಳ ಹೆಸರು ಯಾರಿಗೂ ನೆನಪಿರದ ಕಾರಣ ಅಡ್ಡಹೆಸರುಗಳೇ ಚಾಲ್ತಿಯಲ್ಲಿದ್ದವು. ಹಲ್ಲಿನ ಡಾಕ್ಟರು 'ಟಾರ್ಪೆಡೊ ಮಳೆ'ಯ ಪಕ್ಷ. ಲೆಕ್ಕದ ಮೇಡಂ 'ಎರಡು ಗಂಟೆಯ ಆಮ್ಲಜನಕ'ದ ಪಕ್ಷ. ಮುಳುಗುಮಾವನದು 'ಮುನ್ನೂರು ಅಡಿ ಆಳ'.

ಮುಳುಗುಮಾವ ಹನ್ನೊಂದು ವರ್ಷ ನಿಜವಾದ ಜಲಾಂತರ್ಗಾಮಿಯಲ್ಲಿ ದುಡಿದವರು. ಚಿತ್ರ ಓಡುವಾಗ ಕತ್ತಲಲ್ಲೇ ಪುಟ್ಟ ಟಾರ್ಚು ಹತ್ತಿಸಿ, ಪಕ್ಕದಲ್ಲಿ ಕೂತ ಹೆಂಡತಿಯ ಕಿವಿಯಲ್ಲಿ "ತಪ್ಪು" ಎಂದು ಪಿಸುಗುಟ್ಟಿ, ಅದನ್ನು ಒಂದು ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ಕಂಡ ಜಲಾಂತರ್ಗಾಮಿ ಚಿತ್ರಗಳೆಲ್ಲ ಸೇರಿ ನಾನೂರ ಹನ್ನೆರಡು ತಪ್ಪುಗಳು. ಅವರ ಪ್ರಕಾರ ಕಡಿಮೆ ತಪ್ಪಿದ ಚಿತ್ರವೇ ಶ್ರೇಷ್ಠ. ಆ ಪುಸ್ತಕವೇ ಈಗ ಕಾಣೆ.

"ಮಾವ ನನ್ನನ್ನೇ ಕಳ್ಳ ಅಂತಾರೆ ಅಕ್ಕ. ಹೋದ ವಾರ ಕತ್ತಲಲ್ಲಿ ಅವರ ಥರಾನೇ 'ತಪ್ಪು' ಅಂದುಬಿಟ್ಟೆ, ಅದೂ ನಾಯಕ ನಾಯಕಿಗೆ ಮುತ್ತು ಕೊಡೋವಾಗ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಮಾವ ಮಾತ್ರ ನಗಲಿಲ್ಲ."

"ಅವರು ನಕ್ಕರೂ ಸದ್ದಾಗಲ್ಲವಲ್ಲ, ನಿಂಗೆ ಹೇಗೆ ಗೊತ್ತು?"

"ಭುಜ ಕುಣಿಯುತ್ತೆ ಅಕ್ಕ. ಕುಣೀಲಿಲ್ಲ." ಆಪರೇಟರನ ದನಿ ಇಳಿಯಿತು. "ಇವತ್ತೇ ಕೊನೆ, ಇನ್ಮೇಲೆ ಈ ಹಾಲ್‌ಗೆ ಕಾಲಿಡಲ್ಲ ಅಂದ್ಬಿಟ್ರು. ಇಪ್ಪತ್ತು ವರ್ಷದಿಂದ ರೀಲಿನ ಡಬ್ಬ ಹೊರೋಕೆ ಕೈ ಕೊಟ್ಟೋರು. ಅವರಿಲ್ಲದೆ ಪ್ರೊಜೆಕ್ಟರ್ ಹಾಕಿ ಯಾರಿಗೆ ತೋರಿಸ್ಲಿ?"

ಅಕ್ಕ ಭೂತಗನ್ನಡಿ ತೆಗೆದಳು. ಅಂದರೆ ಪ್ರಕರಣ ಶುರು.

ಆಪರೇಟರು ಎರಡು ಗಂಟೆಗೆ ಹಾಲ್ ತೆರೆದು, ಎಂಟು ಸ್ಟೀಲ್ ಲೋಟ ತೊಳೆದು, ಕಪಾಟಿನಲ್ಲಿದ್ದ ನೋಟ್‌ಬುಕ್ಕಿನ ಮೇಲೆಯೇ ಒಂದರೊಳಗೊಂದು ಪೇರಿಸಿಟ್ಟಿದ್ದ. ಎರಡೂವರೆಗೆ ಮೇಡಂ ಬಂದು ಪೋಸ್ಟರು ಅಂಟಿಸಿ ಹೋದರು. ಅಷ್ಟೂ ಹೊತ್ತು ಅವನು ಜೊತೆಗಿದ್ದ. ಮೂರಕ್ಕೆ ಬೀಗ ಹಾಕದೆ ಪ್ರೊಜೆಕ್ಟರಿನ ಬಲ್ಬು ತರಲು ಹೊರಟು ಮೂರೂವರೆಗೆ ಮರಳಿದ. ಆಮೇಲೆ ಅಲ್ಲಿಂದ ಅಲುಗಿಲ್ಲ. ನಾಲ್ಕೂಕಾಲಿಗೆ ಮಾವ ಬಂದು ಕಪಾಟು ತೆರೆದರು. ಲೋಟಗಳಿದ್ದವು, ಪುಸ್ತಕವಿರಲಿಲ್ಲ.

"ಹಾಗಾದ್ರೆ ಮೂರರಿಂದ ಮೂರೂವರೆ ಒಳಗೆ," ಎಂದಳು ಅಕ್ಕ. "ಆದರೆ ಒಂದು ತೊಡಕಿದೆ. ಮೇಲಿನ ಬಾಗಿಲು ಧಡಾರ್ ಅಂದಾಗೆಲ್ಲ ಇಲ್ಲಿ ಸೂರಿಂದ ಧೂಳು ಉದುರುತ್ತೆ, ನಾನು ವಾಚಿನ ಮೇಲೆ ಕೈ ಅಡ್ಡ ಹಿಡೀತೀನಿ. ನೀನೀಗ ಓಡಿ ಬಂದದ್ದು ಬಿಟ್ರೆ ಇವತ್ತು ಐದು ಸಲ ಹಿಡಿದೆ. ನೀನು ಬಂದದ್ದು, ಮೇಡಂ ಬಂದದ್ದು ಹೋದದ್ದು, ನೀನು ಬಲ್ಬಿಗೆ ಹೋದದ್ದು ಬಂದದ್ದು. ಮಧ್ಯೆ ಒಂದೂ ಇಲ್ಲ."

"ಅಂದ್ರೆ ಕಳ್ಳ ನಾನೇ ಅಂತಾಯ್ತಲ್ಲ!"

"ಅವಸರ ಮಾಡ್ಬೇಡ. ಮೇಲೆ ನಡಿ."

ಅವರ ಹಿಂದೆಯೇ ಡಾಕ್ಟರೂ ಮೇಡಮ್ಮೂ ಬಂದರು. ಹಾಲ್‌ನಲ್ಲಿ ಮಾವ ಒಂದು ಕೆನ್ನೆ ಊದಿಸಿಕೊಂಡು ಕೂತಿದ್ದರು. ಮೂರರಿಂದ ನಾಲ್ಕರವರೆಗೆ ಎದುರು ರಸ್ತೆಯ ಕ್ಲಿನಿಕ್ಕಿನಲ್ಲಿ ಅವರ ದವಡೆಹಲ್ಲು ಕಿತ್ತಾಗಿತ್ತು. ಮರಗಟ್ಟಿದ ಬಾಯಲ್ಲೇ, ಆಪರೇಟರನ ಕಡೆ ನೋಡದೆ, "ಇವ್ನೇ ಥೆಗ್ದಿರೋದು," ಎಂದರು. ಅವರ ಹೆಂಡತಿ, ಬಳಗಕ್ಕೆಲ್ಲ ಅತ್ತೆ, ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದರು. ಪ್ರತಿ ಶನಿವಾರದ ಕೆಲಸ ಅದು.

ಅಕ್ಕ ಕಪಾಟಿನಲ್ಲಿ ಉಳಿದಿದ್ದ ಲೋಟಗಳನ್ನು ಎತ್ತಿದಳು. ಪ್ರತಿ ಲೋಟದ ನಡುವೆಯೂ ಮಡಚಿದ ಹೊಳಪು ಕಾಗದದ ಚೂರು. ಒಂದರ ಮೇಲೆ ಅರ್ಧ ನಗುವಿನ ಚಿತ್ರ, ಹದಿನಾಲ್ಕು ಹಲ್ಲು.

"ಇದು ನೀನಿಟ್ಟದ್ದಾ?"

"ಇಲ್ಲಕ್ಕ. ಲೋಟಕ್ಕೆ ಯಾರು ಕಾಗದ ಇಡ್ತಾರೆ?"

"ಅರೆ, ಇದು ನಮ್ಮ ಕ್ಲಿನಿಕ್ಕಿನ ಕರಪತ್ರ!" ಎಂದರು ಡಾಕ್ಟರು. "ಹಲ್ಲುಜ್ಜುವ ಸರಿಯಾದ ಕ್ರಮ. ಹೊರಗಿನ ಕೋಣೆಯಲ್ಲಿ ಇಟ್ಟಿರ್ತೀನಿ. ನನ್ನನ್ನ ನೋಡ್ಬೇಡಿ, ಒಂದು ಗಂಟೆ ಪೂರ್ತಿ ಮಾವನ ಬಾಯೊಳಗಿದ್ದೆ."

"ಹೊರಗಿನ ಕೋಣೆಯಲ್ಲಿ ಯಾರಿದ್ರು?"

"ಅತ್ತೆ ಕಾಯ್ತಿದ್ರು. ಎಷ್ಟು ತಾಳ್ಮೆ ಅಂತೀರಿ! ಒಂದು ಕೆಮ್ಮಿಲ್ಲ, ಕುರ್ಚಿ ಕಿರುಗುಟ್ಟಿಲ್ಲ."

ಅಕ್ಕ ಮಾವನ ಕಡೆ ತಿರುಗಿದಳು. "ಮಾವ, ಲೋಟದ ನಡುವೆ ಕಾಗದ ಯಾಕೆ ಇಡ್ತಾರೆ?"

ಮಾವನಿಗೆ ಹಲ್ಲುನೋವೂ ಮರೆತುಹೋಯಿತು. "ಸಬ್‌ಮರೀನಲ್ಲಿ ಹಾಗೇ ಇಡೋದು, ಲೋಟ ಕಣಕಣ ಅನ್ನದಿರ್ಲಿ ಅಂತ! ಒಂದು ಚಮಚ ಬಿದ್ರೂ ನೀರೊಳಗೆ ಎಲ್ಲೆಲ್ಲೋ ಇರೋ ಶತ್ರುವಿಗೆ ಕೇಳುತ್ತೆ. ತಪ್ಪು ನಂಬರ್ ಒಂಬತ್ತು, ನೂರ ಮೂರು, ಮುನ್ನೂರ ನಲ್ವತ್ತು! ಯಾವ ಸಿನಿಮಾದೋರಿಗೂ ಇದು ಗೊತ್ತಿಲ್ಲ."

ಆಪರೇಟರನ ತಲೆಯಲ್ಲಿ ಹೊಸ ಬಲ್ಬು ಹತ್ತಿತು. "ಅಕ್ಕ! ಮಾವನೇ ತೆಗೆದು ನನ್ನ ಮೇಲೆ—"

"ಬಾಯಲ್ಲಿ ಹತ್ತಿ ತುರುಕಿಕೊಂಡು ರಸ್ತೆ ದಾಟಿ ಬಂದ್ರಾ? ಸುಮ್ನಿರು. ಎಲ್ಲರೂ ಒಂದ್ಸಲ ಹೊರಗೆ ಹೋಗಿ, ಒಬ್ಬೊಬ್ಬರಾಗಿ ಒಳಗೆ ಬನ್ನಿ. ಅತ್ತೆ, ಫ್ಲಾಸ್ಕು ಚೀಲ ಎಲ್ಲ ಇಲ್ಯಾಕೆ ಬಿಡ್ತೀರಿ, ತಗೊಂಡೇ ಬನ್ನಿ."

ಮೇಡಂ ಬಂದರು: ಧಡಾರ್. ಡಾಕ್ಟರು: ಧಡಾರ್. ಆಪರೇಟರು: ಧಡಾರ್. ಮಾವ ಬಂದರು. ಬಾಗಿಲನ್ನು ಅಂಗೈಯಲ್ಲಿ ಹಿಡಿದು, ಮಲಗಿದ ಮಗುವನ್ನು ಹಾಸಿಗೆಗಿಳಿಸುವಂತೆ ಚೌಕಟ್ಟಿಗೆ ಸೇರಿಸಿದರು. ಸದ್ದಿಲ್ಲ. ಕೊನೆಗೆ ಅತ್ತೆ. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಚೀಲ. ಹಿಂತಿರುಗಿಯೂ ನೋಡದೆ ಹಿಮ್ಮಡಿಯಿಂದಲೇ ಬಾಗಿಲನ್ನು ತಡೆದು, ಮೆಲ್ಲಗೆ ಬಿಟ್ಟರು.

ಸದ್ದಿಲ್ಲ.

ಎಲ್ಲರ ಕಣ್ಣೂ ಅತ್ತೆಯ ಹಿಮ್ಮಡಿಯ ಮೇಲೆ.

"ಕೂತ್ಕೊಳ್ಳಿ, ಹೇಳ್ತೀನಿ," ಎಂದಳು ಅಕ್ಕ. "ಬಾಗಿಲು ಸದ್ದು ಮಾಡಲಿಲ್ಲ ಅಂದ್ರೆ ಯಾರೂ ಬರಲಿಲ್ಲ ಅಂತಲ್ಲ. ಸದ್ದು ಮಾಡದ ಅಭ್ಯಾಸ ಇರೋರು ಬಂದ್ರು ಅಂತ. ಲೋಟಗಳೂ ಅದನ್ನೇ ಹೇಳಿದ್ವು. ಕದಿಯೋಕೆ ಬಂದೋರು ಲೋಟ ಎತ್ತಿ ಪುಸ್ತಕ ತಗೊಂಡು ಓಡ್ಬೇಕು ತಾನೆ? ಇವರು ನಿಂತು ಕಾಗದ ಮಡಚಿದ್ದಾರೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗೇ ಮಾಡಿದ್ದು. ಮಾವನಿಗೆ ಆ ಅಭ್ಯಾಸ ಇದೆ, ಆದರೆ ಮಾವ ಕುರ್ಚಿಯಲ್ಲಿದ್ರು. ಹನ್ನೊಂದು ವರ್ಷ ಸಬ್‌ಮರೀನಲ್ಲಿ ಇದ್ದೋರಿಗೇ ಇಷ್ಟು ಅಭ್ಯಾಸ ಆದರೆ, ಅವರ ಮನೇಲಿ ಮೂವತ್ನಾಲ್ಕು ವರ್ಷ ಇದ್ದೋರಿಗೆ? ಕಾಗದ ಬಂದದ್ದು ಕ್ಲಿನಿಕ್ಕಿನ ಹೊರಗಿನ ಕೋಣೆಯಿಂದ. ಅಲ್ಲಿ ಕೂತಿದ್ದೋರು ಒಬ್ರೇ. ಅಲ್ಲಿಂದ ಎದ್ದು ಹೋಗಿ ಬಂದ್ರೂ ಡಾಕ್ಟರಿಗೆ ತಿಳಿಯೋದಿಲ್ಲ."

ಆಪರೇಟರು ಅತ್ತೆಯನ್ನೇ ನೋಡಿದ. ಇಪ್ಪತ್ತು ವರ್ಷ ಟೀ ಕುಡಿದಿದ್ದ. ಬಳಗದಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದಾಗ ಅವರನ್ನು ಒಮ್ಮೆಯೂ ಎಣಿಸಿರಲಿಲ್ಲ.

"ನೀನಾ?" ಎಂದರು ಮಾವ. "ಯಾಕೆ?"

ಅತ್ತೆ ಫ್ಲಾಸ್ಕು ಕೆಳಗಿಟ್ಟರು, ಸದ್ದಿಲ್ಲದೆ.

"ಯಾವ ಸಬ್‌ಮರೀನ್ ಸಿನಿಮಾ ಚೆನ್ನಾಗಿದೆ ಅಂತ ಏಳು ವಾರದಿಂದ ಜಗಳ ಆಡಿದ್ರಿ. ನನ್ನನ್ನ ಒಬ್ರೂ ಕೇಳ್ಲಿಲ್ಲ. ಚೀಟೀನೂ ಇಲ್ಲ ನಂಗೆ. ಮೂರನೇ ವಾರದ ಆ 'ಉಪ್ಪುಗಾಳಿ' ಇದ್ಯಲ್ಲ, ಅದೇ ಚೆನ್ನಾಗಿರೋದು."

"ಅದಾ? ಅರವತ್ತೊಂದು ತಪ್ಪು!"

"ಇರಲಿ. ನೀರೊಳಗೆ ಇರೋರ ಕತೆ ಎಲ್ಲರೂ ತೆಗೀತಾರೆ. ದಡದಲ್ಲಿ ನಿಂತು ಕಾಯೋಳನ್ನ ಎರಡು ನಿಮಿಷ ತೋರಿಸಿದ್ದು ಅದೊಂದೇ. ಆ ಎರಡು ನಿಮಿಷದಲ್ಲಿ ನೀವು ಮೂರು ಸಲ ನನ್ನ ಕಿವೀಲಿ 'ತಪ್ಪು, ಹಗ್ಗ ಹಾಗೆ ಕಟ್ಟಲ್ಲ' ಅಂದ್ರಿ. ಅವಳ ಮುಖಾನೇ ನೋಡೋಕಾಗ್ಲಿಲ್ಲ. ಪುಸ್ತಕ ಇಲ್ದಿದ್ರೆ ಒಂದಿನವಾದ್ರೂ ಸುಮ್ನಿರ್ತೀರಿ ಅಂದ್ಕೊಂಡೆ. ಪಾಪ, ಈ ಹುಡುಗನ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ಲ."

ನಲವತ್ತೈದರ ಆಪರೇಟರು ತಾನು ಹುಡುಗನಾದದ್ದಕ್ಕೆ ಖುಷಿಪಟ್ಟ.

ಮಾವ ಕೆನ್ನೆ ಸವರಿಕೊಂಡರು. ಆಮೇಲೆ, ಅವತ್ತು ಮೊದಲ ಸಲ ಆಪರೇಟರನ ಮುಖ ನೋಡಿದರು. "ಏನೋ, 'ಉಪ್ಪುಗಾಳಿ'ಯ ಆ ಕೊನೇ ರೀಲು ಇಲ್ಲೇ ಇದ್ಯಾ? ಹಾಕು. ಡಬ್ಬ ನಾನು ಎತ್ಕೊಡ್ತೀನಿ."

ಕತ್ತಲಲ್ಲಿ ಆ ಎರಡು ನಿಮಿಷ ಓಡಿತು. ಬಂದರಿನಲ್ಲಿ ಗಾಳಿ, ಗಾಳಿಯಲ್ಲಿ ಒಬ್ಬ ಹೆಂಗಸು. ಹಗ್ಗ ಬಂದಾಗ ಮಾವನ ಕೈ ಜೇಬಿನ ಟಾರ್ಚಿನ ಕಡೆ ಹೋದದ್ದು ಆಪರೇಟರನಿಗೆ ಕಂಡಿತು. ಕೈ ಅರ್ಧ ದಾರಿಯಲ್ಲಿ ನಿಂತು, ಯೋಚಿಸಿ, ಪಕ್ಕದ ಕುರ್ಚಿಯ ಕೈಯ ಮೇಲೆ ಹೋಗಿ ಕೂತಿತು. ಅಲ್ಲಿ ಮೊದಲೇ ಒಂದು ಕೈ ಇತ್ತು.

ದೀಪ ಹತ್ತಿತು. ಮೇಡಂ ತಮ್ಮ ಚೀಟಿಯನ್ನು ಎರಡಾಗಿ ಹರಿದು ಅರ್ಧವನ್ನು ಅತ್ತೆಗೆ ಕೊಟ್ಟರು. ಯಾವುದು ಗೆದ್ದಿತೆಂದು ಹೇಳಬೇಕಿಲ್ಲ. ಡಾಕ್ಟರೂ ಕರವಸ್ತ್ರ ಹುಡುಕುತ್ತಿದ್ದರು.

"ತಗೊಳ್ಳಿ ನಿಮ್ಮ ಪುಸ್ತಕ," ಎಂದು ಅತ್ತೆ ಚೀಲದಿಂದ ತೆಗೆದರು. "ಕಾಯ್ತಾ ಕೂತಿದ್ನಲ್ಲ, ಬೇಜಾರಿಗೆ ನಾನೂ ಸ್ವಲ್ಪ ಬರೆದೆ. ನಿಮ್ಮ ನಂಬರಿನಿಂದಲೇ ಮುಂದುವರಿಸಿದೀನಿ."

ಮಾವ ಕೊನೆಯ ಪುಟ ತೆರೆದು, ಊದಿದ ಬಾಯಲ್ಲೇ ಗಟ್ಟಿಯಾಗಿ ಓದಿದರು.

"ತಪ್ಪು ನಾನೂರ ಹದಿಮೂರು: ಸಮುದ್ರ ಬಿಟ್ಟು ಎಷ್ಟೋ ವರ್ಷವಾದರೂ ಎರಡೇ ಚೊಂಬು ನೀರಿನಲ್ಲಿ ಸ್ನಾನ ಮುಗಿಸಿ, ಹೆಂಡತಿಯ ಮೂರನೇ ಚೊಂಬನ್ನು ಬಾಗಿಲಾಚೆ ನಿಂತು ಎಣಿಸುವುದು. ತಪ್ಪು ನಾನೂರ ಹದಿನಾಲ್ಕು: ಸದ್ದಿಲ್ಲದೆ ಮನೆಯೊಳಗೆ ಬಂದು ಹೆಂಡತಿಯ ಬೆನ್ನ ಹಿಂದೆ ನಿಲ್ಲುವುದು. ಈವರೆಗೆ ಒಡೆದ ಟೀ ಕಪ್ಪುಗಳು ಹದಿನೇಳು. ತಪ್ಪು ನಾನೂರ ಹದಿನೈದು: ಕುಕ್ಕರಿನ ಮೂರನೇ ಸೀಟಿಗೆ, ಅಪಾಯದ ಸೈರನ್ ಕೂಗಿತೆಂಬಂತೆ, ಎದ್ದು ನಿಂತು ಅಡುಗೆಮನೆಯ ಕಿಟಕಿಯನ್ನೆಲ್ಲ ಭದ್ರ ಮಾಡುವುದು. ಆ ಕುಕ್ಕರಿಗೆ ಶತ್ರುಗಳಿಲ್ಲ."

ಆಪರೇಟರು ಮಾವನ ಭುಜವನ್ನೇ ನೋಡುತ್ತಿದ್ದ. ಅದು ಒಮ್ಮೆ ಕುಣಿಯಿತು, ಮತ್ತೊಮ್ಮೆ ಕುಣಿಯಿತು. ಆಮೇಲೆ ಯಾರೂ ಎಂದೂ ಕೇಳಿರದ ಒಂದು ಸದ್ದು ಆ ಹಾಲ್‌ನಲ್ಲಿ ಎದ್ದಿತು. ಮೇಡಂ ನಕ್ಕರು, ಡಾಕ್ಟರು ನಕ್ಕರು, ಆಪರೇಟರು ಹೊಟ್ಟೆ ಹಿಡಿದುಕೊಂಡ. ಅವರೆಲ್ಲರ ನಗುವನ್ನೂ ಮುಳುಗಿಸಿಬಿಟ್ಟು, ಅರ್ಧ ಬಾಯಿ ಮರಗಟ್ಟಿದ್ದರೂ, ಮಾವ ಬಾಗಿಲೇ ನಾಚುವಷ್ಟು ಜೋರಾಗಿ ನಗುತ್ತಿದ್ದರು.

"ಅಯ್ಯೋ, ಕೆಳಗೆ ನನ್ನ ವಾಚು!" ಎಂದು ಗಡಿಯಾರದಕ್ಕ ಎದ್ದು ಓಡಿದಳು.