ಮುನ್ನೂರು ಮರಗಳು ಮತ್ತು ಒಂದು ಕರಡಿ

ಬೆಟ್ಟದ ಮೇಲಿನ ಮುನ್ನೂರು ಮರಗಳು ಮುನ್ನೂರು ಗಂಡಸರು ಎಂದು ಮುಗಿಲದುರ್ಗದಲ್ಲಿ ಎಲ್ಲರೂ ನಂಬಿದ್ದರು.

ಇದು ಬಹಳ ಹಿಂದಿನ ಮಾತು. ಆಗ ಮುಗಿಲದುರ್ಗಕ್ಕೆ ಒಬ್ಬ ರಾಜನಿದ್ದ, ಒಬ್ಬ ಮಾಂತ್ರಿಕನೂ ಇದ್ದ. ರಾಜ್ಯ ಎಂದಮೇಲೆ ಇಬ್ಬರೂ ಇರಬೇಕು ಎಂಬುದು ಆ ಕಾಲದ ರೂಢಿ. ರಾಜನು ಹೊಳೆಯಾಚೆಯ ಯುದ್ಧಕ್ಕೆ ಮುನ್ನೂರು ಗಂಡಸರನ್ನು ಕಳಿಸಿದ. ಒಬ್ಬನೂ ಹಿಂದಿರುಗಲಿಲ್ಲ. ಹತ್ತನೆಯ ದಿನ ಅರಮನೆಯ ಡಂಗುರದವನು ಬೀದಿಗೆ ಬಂದು, ಮಾಂತ್ರಿಕ ಘಟಾಂತಕನು ದಾರಿಯಲ್ಲಿ ಎಲ್ಲರನ್ನೂ ಮರ ಮಾಡಿಬಿಟ್ಟಿದ್ದಾನೆ, ಅವರೀಗ ರಾಜನ ಮೀಸಲು ಕಾಡಿನಲ್ಲಿ ನಿಂತಿದ್ದಾರೆ ಎಂದು ಸಾರಿದ. ಅಲ್ಲಿಯವರೆಗೆ ಆ ಕಾಡಿಗೆ ರಾಜನ ಮನೆಯವರನ್ನು ಬಿಟ್ಟು ಯಾರಿಗೂ ಪ್ರವೇಶವಿರಲಿಲ್ಲ. ಅಂದು ಬಾಗಿಲು ತೆರೆದರು. ಜನ ಹೋಗಿ ನೋಡಿದರು. ಮರಗಳಿದ್ದವು. ಎಣಿಸಿದರು. ಮುನ್ನೂರಕ್ಕಿಂತ ನಾಲ್ಕು ಹೆಚ್ಚಿದ್ದವು. ಅವು ಕುದುರೆಗಳಿರಬೇಕು ಎಂದುಕೊಂಡರು.

ಹತ್ತು ಜನ ಕೈಕೈ ಹಿಡಿದರೂ ತಬ್ಬಲಾಗದ ಬೊಡ್ಡೆಗಳು. ತುದಿ ನೋಡಲು ಹೋದರೆ ಪೇಟ ಬೀಳುತ್ತಿತ್ತು. ಹತ್ತು ದಿನದಲ್ಲಿ ಇಷ್ಟು ದಪ್ಪ ಹೇಗಾದವು ಎಂದು ಒಬ್ಬ ಮುದುಕ ಕೇಳಿದ. ಮಾಯೆಯಲ್ಲಿ ಬೆಳೆದದ್ದಕ್ಕೆ ಅಳತೆ ಕೇಳಬಾರದು ಎಂದು ಉಳಿದವರು ಅವನ ಬಾಯಿ ಮುಚ್ಚಿಸಿದರು.

ಅಂದಿನಿಂದ ವರ್ಷಕ್ಕೊಮ್ಮೆ, ಮರದ ದಿನ ಎಂದು, ಹೆಂಗಸರು ಕಾಡಿಗೆ ಹೋಗತೊಡಗಿದರು. ತನ್ನವನು ಎಂದು ಅನಿಸಿದ ಮರಕ್ಕೆ ಒಬ್ಬೊಬ್ಬಳೂ ಅರಿಶಿನದ ನೂಲನ್ನು ಒಂದು ಸುತ್ತು ಸುತ್ತುವಳು. ಕಾಡಿನ ಬಾಗಿಲಲ್ಲಿ ಘಟಾಂತಕನು ಮಣೆ ಹಾಕಿಕೊಂಡು ಕೂತಿರುವನು. ಅವನಿಗೆ ಮೊದಲು ಬೇರೆ ಹೆಸರಿತ್ತು. ಆ ಹೆಸರಿಗೆ ಯಾರೂ ಹೆದರುತ್ತಿರಲಿಲ್ಲ.

"ನಿಮ್ಮವನು ಎಲ್ಲಿ ಅಂತ ಸರಿಯಾಗಿ ಹೇಳಿ, ನಾನು ತಗೊಂಡಿದ್ದೆಲ್ಲ ವಾಪಸ್ಸು" ಎನ್ನುವನು. "ಒಬ್ಬೊಬ್ಬರಿಗೆ ಮೂರು ಸಲ. ಮೊದಲನೇ ತಪ್ಪಿಗೆ ನೆರಳು. ಎರಡನೇದಕ್ಕೆ ಪ್ರತಿಬಿಂಬ. ಮೂರನೇದಕ್ಕೆ ಹೆಸರು."

ಕುಪ್ಪಸ ಹೊಲಿಯುವ ಮಲ್ಲಾಜಿಯ ಗಂಡ ಬೈಚ ಆ ಮುನ್ನೂರರಲ್ಲಿ ಒಬ್ಬ. ಮದುವೆಯಾಗಿ ಎಂಟು ತಿಂಗಳಾಗಿತ್ತು.

ಮೂರನೆಯ ವರ್ಷ ಅವಳು ಎಡಕ್ಕೆ ಸೊಟ್ಟ ಕೊಂಬೆಯಿದ್ದ ಒಂದು ಮರವನ್ನು ತೋರಿಸಿದಳು. ಬೈಚನ ಎಡಗೈ ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

"ಅಲ್ಲ" ಎಂದ ಘಟಾಂತಕ. ಮಲ್ಲಾಜಿಯ ನೆರಳು ನೆಲದಿಂದ ಎದ್ದು, ಸೆರಗು ಸರಿಮಾಡಿಕೊಂಡು, ಅವನ ಮನೆಯ ಕಡೆ ನಡೆದುಹೋಯಿತು. ಅಲ್ಲಿ ನೂರಾರು ನೆರಳುಗಳು ನೀರು ಹೊರುತ್ತಿದ್ದವು, ಭತ್ತ ಕುಟ್ಟುತ್ತಿದ್ದವು, ಅವನ ಕಾಲು ಒತ್ತುತ್ತಿದ್ದವು.

ಏಳನೆಯ ವರ್ಷ, ಹೆಸರು ಹಿಡಿದು ಕರೆದಾಗ ಒಂದು ಎಲೆ ಉದುರಿಸಿದ ಮರವನ್ನು ತೋರಿಸಿದಳು.

"ಅಲ್ಲ." ಮನೆಗೆ ಬಂದು ಕೊಡದ ನೀರಿಗೆ ಬಗ್ಗಿ ನೋಡಿದಳು. ಮಾಡಿನ ಜಂತಿ ಕಾಣಿಸಿತು. ಅವಳು ಕಾಣಿಸಲಿಲ್ಲ.

ನೆರಳಿಲ್ಲದಿದ್ದರೆ ಏನು ನಷ್ಟ ಎಂದು ಮೊದಮೊದಲು ತೋರುತ್ತದೆ. ಆದರೆ ನೆರಳಿಲ್ಲದವಳ ಪಕ್ಕದಲ್ಲಿ ಯಾರೂ ಬಿಸಿಲಲ್ಲಿ ನಿಲ್ಲುವುದಿಲ್ಲ. ಬಟ್ಟೆ ತಂದವರು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದರು. ಕುಂಕುಮವನ್ನು ಅವಳು ಅಂದಾಜಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಸರಿಯಾಗಿದೆಯೇ ಎಂದು ಹೇಳಲು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಮೂರನ್ನೂ ಕಳೆದುಕೊಂಡವರು ಊರಲ್ಲಿ ಹದಿನೇಳು ಮಂದಿ ಇದ್ದರು. ಹೆತ್ತ ಮಕ್ಕಳೂ ಅವರನ್ನು "ಏ, ಇವಳೇ" ಎನ್ನುತ್ತಿದ್ದರು. ಮಲ್ಲಾಜಿಗೆ ಹೆಸರೊಂದು ಉಳಿದಿತ್ತು. ಅದನ್ನು ಕರೆಯುವವರು ಹೆಚ್ಚಿರಲಿಲ್ಲ, ಆದರೂ ಉಳಿದಿತ್ತು.

ಆಮೇಲೆ ನಾಲ್ಕು ವರ್ಷ ಅವಳು ಬಾಯಿ ಬಿಡಲಿಲ್ಲ. ಕಾಡಿನ ಮೂಲೆಯ ಒಂದು ಮರಕ್ಕೆ ನೂಲು ಸುತ್ತಿ ಬರುತ್ತಿದ್ದಳು. ಆ ಮರ ಸೊಟ್ಟಗಿರಲಿಲ್ಲ, ಕರೆದರೆ ಎಲೆ ಉದುರಿಸುತ್ತಿರಲಿಲ್ಲ, ಏನೂ ಮಾಡುತ್ತಿರಲಿಲ್ಲ. ಬೈಚನೂ ಹಾಗೆಯೇ. ಸಾರಿಗೆ ಉಪ್ಪು ಸಾಕೇ ಎಂದರೆ ಗೋಡೆ ನೋಡುತ್ತಿದ್ದ. ಅವಳು ಆ ಮರದ ಕೆಳಗೆ ಕೂತು ಇಡೀ ವರ್ಷದ್ದನ್ನು ಹೇಳುವಳು. ಈಗೀಗ ಬೈಚನ ಮುಖ ನೆನಪು ಮಾಡಿಕೊಳ್ಳಲು ಹೋದರೆ ತೊಗಟೆ ನೆನಪಾಗುತ್ತಿತ್ತು.

ಹನ್ನೆರಡನೆಯ ವರ್ಷದ ಬೇಸಿಗೆಯಲ್ಲಿ ಗಾಳಿಗೆ ಒಂದು ಮರ ಬಿತ್ತು. ಅದು ಪಕ್ಕದ ಮನೆಯ ಹೊನ್ನಿಯ ಗಂಡ ಮಾಚ. ದಾರಿ ಬಿಡಿಸಲು ಅರಮನೆಯ ಬಡಗಿಗಳು ಅದನ್ನು ಅಡ್ಡಕ್ಕೆ ಕೊಯ್ದು, ಮೈಲಿಗೆ ಕಳೆಯಲು ಸ್ನಾನ ಮಾಡಿದರು. ರಕ್ತ ಬಂತಾ ಎಂದು ಹೊನ್ನಿ ಕೇಳಿದಳು. ಅಂಟು ಬಂತು ಎಂದರು. ಅವಳು ತಿಥಿ ಮಾಡಿದಳು.

ಮಲ್ಲಾಜಿಗೆ ಹೆದರಿಕೆಯಾಯಿತು. ಕಾಯುತ್ತಾ ಕೂತರೆ ಬೈಚನೂ ಬೀಳಬಹುದು. ಈ ವರ್ಷ ಹೇಳಿಬಿಡುವುದೆಂದು ನಿಶ್ಚಯಿಸಿ, ಮರದ ದಿನಕ್ಕೆ ಒಂದು ದಿನ ಮೊದಲೇ, ನೂಲಿನ ಉಂಡೆ, ಸೂಜಿಯ ಡಬ್ಬಿ ಹಿಡಿದುಕೊಂಡು ಬೆಳಿಗ್ಗೆ ಕಾಡಿಗೆ ಹೋದಳು. ಮರ ಎಂದಿನಂತೆ ಏನೂ ಮಾಡಲಿಲ್ಲ.

ಅದರ ಹಿಂದೆ ಎರಡು ಕೋಣೆಯ ಒಂದು ಹೆಂಚಿನ ಮನೆಯಿತ್ತು. ಘಟಾಂತಕನು ಮನುಷ್ಯರ ಚರ್ಮ ಇಡುವ ಜಾಗ ಎಂದು ಹೆದರಿ ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಬಾಗಿಲ ಮೇಲೆ ಒಂದು ಹಲಗೆ: 'ನಿಸರ್ಗ ಸಂಗ್ರಹಾಲಯ. ಚಪ್ಪಲಿ ಹೊರಗೆ ಬಿಡಿ.' ಹೆಸರೊಂದೇ ಬಾಕಿ ಇರುವವಳಿಗೆ ಚರ್ಮದ ಚಿಂತೆ ಹೆಚ್ಚಿರಲಿಲ್ಲ. ಕಾಲು ನೋಯುತ್ತಿತ್ತು. ಮಲ್ಲಾಜಿ ಮೆಟ್ಟಿಲ ಮೇಲೆ ಕೂತಳು.

"ಬರೋದಾದರೆ ಬಾ. ಇಲ್ಲವಾದರೆ ಬಾಗಿಲಿಗೆ ಅಡ್ಡ ಕೂರಬೇಡ, ಬೆಳಕು ತಪ್ಪುತ್ತೆ" ಎಂದಿತು ಒಳಗಿನಿಂದ ಒಂದು ದನಿ. ಸ್ವಲ್ಪ ತಡೆದು, "ಇಲ್ಲ, ತಪ್ತಾ ಇಲ್ಲ. ನಿನಗೆ ನೆರಳಿಲ್ಲವಾ?"

"ಇಲ್ಲ."

"ಹಾಗಾದರೆ ಎಲ್ಲಿ ಬೇಕಾದರೂ ಕೂತ್ಕೋ."

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಗಾಜಿನ ಕೆಳಗೆ ಸಾಲಾಗಿ ಜೀರುಂಡೆಗಳು. ಹಕ್ಕಿಗೂಡುಗಳು. ಹತ್ತಿಯ ಮೇಲೆ ನೀಲಿ ಮೊಟ್ಟೆಗಳು. ಕಾಗದಕ್ಕೆ ಅಂಟಿಸಿದ ಎಲೆಗಳು, ಕೆಳಗೆ ದುಂಡಗಿನ ಅಕ್ಷರದಲ್ಲಿ ಹೆಸರು. ಎಲ್ಲದರ ಮೇಲೆ ಬೆರಳು ಗಾತ್ರದ ಧೂಳು. ಗೋಡೆಯ ಪಕ್ಕ, ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದ ಒಂದು ಕರಡಿ. ಅದು ಸತ್ತು ನಲವತ್ತು ವರ್ಷವಾಗಿತ್ತು. ಒಳಗೆ ಹುಲ್ಲು ತುಂಬಿದ್ದರು. ಮಾತು ಮಾತ್ರ ನಿಂತಿರಲಿಲ್ಲ.

"ನಿನ್ನ ಕುಂಕುಮ ಎಡಕ್ಕೆ ಹೋಗಿದೆ" ಎಂದಿತು ಕರಡಿ.

ಮಲ್ಲಾಜಿ ಸರಿಮಾಡಿಕೊಂಡಳು. "ಈಗ?"

"ಈಗ ಬಲಕ್ಕೆ. ಇರಲಿ ಬಿಡು. ಇದೆಲ್ಲ ರಾಜನ ಸೋದರತ್ತೆ ಕೂಡಿಸಿದ್ದು. ಆಯಮ್ಮ ತೀರಿಕೊಂಡಳು. ನನ್ನನ್ನು ಒರೆಸೋಕೆ ಒಬ್ಬ ಕಾವಲುಗಾರ ಇದ್ದ, ಯುದ್ಧಕ್ಕೆ ಅಂತ ಹೋದ. ಹನ್ನೊಂದು ವರ್ಷದಲ್ಲಿ ಬಾಗಿಲು ದಾಟಿದವಳು ನೀನೊಬ್ಬಳೇ. ಸೂಜಿ ಇದೆ ಅಲ್ವಾ ನಿನ್ನ ಹತ್ತಿರ? ನನ್ನ ಹೊಟ್ಟೆ ನೋಡು."

ಹೊಟ್ಟೆಯ ಹೊಲಿಗೆ ಬಿಚ್ಚಿ ಹುಲ್ಲು ಉದುರುತ್ತಿತ್ತು.

"ಸೂಜಿ ಇದೆ" ಎಂದಳು ಮಲ್ಲಾಜಿ. "ನೂಲು ನನ್ನ ಗಂಡನದು. ಕೊಡೋಕಾಗಲ್ಲ."

"ಗಂಡ ಎಲ್ಲಿ?"

ಅವಳು ಕಿಟಕಿಯಿಂದ ಮರ ತೋರಿಸಿದಳು. ಕರಡಿ ನಗಲಿಲ್ಲ, ಅದರ ಬಾಯನ್ನು ಗದರುವ ಆಕಾರದಲ್ಲಿ ಹೊಲಿದಿದ್ದರು.

"ಅದರ ಕೆಳಗೆ ನಾನು ಮರಿಯಾಗಿದ್ದಾಗ ಜೇನು ತಿಂದಿದ್ದೀನಿ" ಎಂದಿತು.

"ಸುಳ್ಳು."

"ಇರಬಹುದು. ಸತ್ತ ಕರಡಿ ಮಾತು, ಯಾಕೆ ನಂಬಬೇಕು? ಆ ಮೇಜಿನ ಮೇಲೆ ಒಂದು ಮರದ ಬಿಲ್ಲೆ ಇದೆ, ತಗೋ. ಅದರ ಮರ ರಾಜಕುಮಾರ ಹುಟ್ಟಿದ ದಿನ ನೆಟ್ಟದ್ದು. ಅವನಿಗೆ ಒಂಬತ್ತು ತುಂಬಿದ ದಿನ ಕಡಿದರು, ಗಾಳಿಪಟ ಸಿಕ್ಕಿಕೊಂಡಿತ್ತು ಅಂತ. ಉಂಗುರ ಎಣಿಸು."

ಅವಳು ಎಣಿಸಿದಳು. ಒಂಬತ್ತು.

"ಪಕ್ಕದ್ದು ರಾಜಕುಮಾರಿದು. ಐದನೇ ವರ್ಷಕ್ಕೆ ದನ ಮುರೀತು."

ಐದು.

"ವರ್ಷಕ್ಕೆ ಒಂದು" ಎಂದಿತು ಕರಡಿ. "ನೀವು ಮೇಲೆ ನೂಲು ಸುತ್ತುತ್ತೀರಲ್ಲ, ಮರ ಒಳಗೆ ಸುತ್ಕೊಳ್ಳುತ್ತೆ. ಬೇಸಿಗೇಲಿ ಒಂದು ಮರ ಬಿದ್ದ ಸದ್ದು ಕೇಳಿಸ್ತು. ಗರಗಸದ ಸದ್ದೂ ಕೇಳಿಸ್ತು."

ಮಲ್ಲಾಜಿ ಬಿಲ್ಲೆಯನ್ನು ಇದ್ದಲ್ಲೇ ಇಟ್ಟಳು. "ಇದನ್ನ ಯಾಕೆ ಯಾರಿಗೂ ಹೇಳಲಿಲ್ಲ ನೀನು?"

"ಯಾರು ಬಂದರು?"

ಅವಳು ಬಾಗಿಲವರೆಗೆ ಹೋದಾಗ ಕರಡಿ ಮತ್ತೆ ಕರೆಯಿತು. "ಸ್ವಲ್ಪ ಯೋಚನೆ ಮಾಡು. ಎಣಿಸಿದ ಮೇಲೆ ನಿನಗೆ ಮರ ಇರಲ್ಲ. ಮಾತಾಡಿಸೋಕೆ ಏನೂ ಇಲ್ಲದೆ ಇರೋದು ಹೇಗೆ ಅಂತ ನನಗೆ ಗೊತ್ತು."

ಅವಳು ಯೋಚನೆ ಮಾಡಿದಳು. ಎಣಿಸದಿದ್ದರೆ ನಾಳೆ ಮೂಲೆಯ ಮರವನ್ನು ತೋರಿಸಬಹುದು, ಹೆಸರು ಹೋಗಬಹುದು, ಮರ ಉಳಿಯುತ್ತದೆ. ಹೆಸರಿಲ್ಲದವಳೂ ಮರದ ಕೆಳಗೆ ಕೂರಬಹುದು. ಇದು ಕೆಟ್ಟ ಬದುಕು ಎಂದು ಅವಳಿಗೆ ಅನ್ನಿಸಲಿಲ್ಲ. ಆದರೆ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ.

ಮಾಚನ ಮರ ದಾರಿಯ ಪಕ್ಕ ಉರುಳಿತ್ತು. ಕೊಯ್ದ ಮುಖ ಅವಳಿಗಿಂತ ಎತ್ತರ. ಹೊರಗೆ ಹೊನ್ನಿಯ ನೂಲು ಇನ್ನೂ ಹಾಗೇ ಇತ್ತು. ಮಲ್ಲಾಜಿ ತೊಗಟೆಯ ಅಂಚಿನಲ್ಲಿ ಬೆರಳಿಟ್ಟು ಒಳಕ್ಕೆ ಎಣಿಸುತ್ತ ಹೋದಳು. ಹನ್ನೊಂದು ಉಂಗುರ ಮುಗಿದಾಗ ಬೆರಳು ತೊಗಟೆಯಿಂದ ಎರಡು ಅಂಗುಲ ಒಳಗೆ ಬಂದಿತ್ತು. ಅಲ್ಲಿ ಒಂದು ಸೂಜಿ ಚುಚ್ಚಿದಳು. ಮಾಚ ಹೊರಟಾಗ ಅವನಿಗೆ ಇಪ್ಪತ್ತೆಂಟು, ಸೇರಿಸಿದರೆ ಮೂವತ್ತೊಂಬತ್ತು. ಮನುಷ್ಯನ ವಯಸ್ಸನ್ನೂ ಮರ ಲೆಕ್ಕಕ್ಕೆ ಹಿಡಿಯಬಹುದು ಎಂದುಕೊಂಡು ಮೂವತ್ತೊಂಬತ್ತರಲ್ಲಿ ಇನ್ನೊಂದು ಸೂಜಿ ಚುಚ್ಚಿದಳು. ಅದರಾಚೆ ಉಂಗುರಗಳು ಹಾಗೇ ಹೋಗುತ್ತಿದ್ದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಹಿಡಿದ ಹೊಲಿಗೆಯನ್ನು ನಡುವೆ ಬಿಡುವವಳಲ್ಲವಾದ್ದರಿಂದ, ನೂರಕ್ಕೊಂದು ಸೂಜಿ ಚುಚ್ಚುತ್ತ ನಡುವಿನ ತಿರುಳಿನವರೆಗೂ ಎಣಿಸಿದಳು. ಅಷ್ಟರಲ್ಲಿ ಹೊತ್ತು ಇಳಿದಿತ್ತು.

ಹಿಂದಿರುಗುವಾಗ ಮೂಲೆಯ ಮರದ ಕೆಳಗೆ ಸ್ವಲ್ಪ ಕೂತಳು. ಅಭ್ಯಾಸಬಲದಿಂದ ಏನೋ ಹೇಳಲು ಬಾಯಿ ತೆರೆದಳು. ಮುಚ್ಚಿದಳು. ನೂಲು ಸುತ್ತಲಿಲ್ಲ.

ಮರುದಿನ ಕಾಡಿನ ಬಾಗಿಲಲ್ಲಿ ಹೆಂಗಸರು ಸೇರಿದ್ದರು. ಘಟಾಂತಕನು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಎರಡು ನೆರಳುಗಳು ಬೀಸಣಿಗೆ ಬೀಸುತ್ತಿದ್ದವು. ಅದರಲ್ಲೊಂದು ಅವಳದೇ.

"ಬಾ ಮಲ್ಲಾಜಿ. ಮೂರನೇದು. ಯಾವ ಮರ?" ಎಂದ. ಆಮೇಲೆ ದನಿ ಮೆತ್ತಗೆ ಮಾಡಿಕೊಂಡ. "ಆ ಮೂಲೇದು ಅಲ್ಲವಾ? ನಾಲ್ಕು ವರ್ಷದಿಂದ ನೋಡ್ತಿದ್ದೀನಿ, ಎಷ್ಟು ಮಾತಾಡ್ತೀಯ ಅದರ ಹತ್ತಿರ. ತೋರಿಸಿಬಿಡು ತಾಯಿ."

ಅವಳು ಮೂಲೆಯ ಮರವನ್ನು ನೋಡಿದಳು. ಅದು ಏನೂ ಮಾಡಲಿಲ್ಲ.

"ಯಾವುದೂ ಅಲ್ಲ" ಎಂದಳು. "ನನ್ನ ಗಂಡ ಇಲ್ಲಿ ಇಲ್ಲ."

ಸರಿಯುತ್ತರವಿಲ್ಲದ ಪ್ರಶ್ನೆಗೆ ಮಂತ್ರ ಹಿಡಿಯುವುದಿಲ್ಲ. ಅದಕ್ಕಾಗಿ ಘಟಾಂತಕನೂ ಒಂದು ಸರಿಯುತ್ತರ ಇಟ್ಟುಕೊಂಡಿದ್ದ. ಆ ಉತ್ತರವನ್ನು ಯಾರೂ ಬಯಸುವುದಿಲ್ಲ ಎಂಬ ಧೈರ್ಯದಿಂದ ಹನ್ನೊಂದು ವರ್ಷ ಸುಖವಾಗಿದ್ದ.

ಬೀಸಣಿಗೆ ಕೆಳಗೆ ಬಿತ್ತು. ಅವನ ಮನೆಯಿಂದ ನೆರಳುಗಳು ಹೊರಬಂದವು. ಕೆಲವು ಒನಕೆ ಹಿಡಿದುಕೊಂಡೇ ಬಂದಿದ್ದವು. ಒಂದೊಂದೂ ತನ್ನವಳ ಕಾಲು ಹುಡುಕಿ ಅಂಟಿಕೊಂಡಿತು. ಅವನ ಸೊಂಟದ ಸೋರೆಬುರುಡೆ ಒಡೆದು ಹದಿನೇಳು ಹೆಸರುಗಳು ಹಾರಿದವು, ಹದಿನೇಳು ಮಂದಿ ಒಟ್ಟಿಗೆ "ಓ" ಎಂದರು.

"ಎಲ್ಲಿದ್ದಾರೆ ಅವರು?" ಎಂದು ಮಲ್ಲಾಜಿ ಕೇಳಿದಳು.

"ಹೊಳೇಲಿ" ಎಂದ ಘಟಾಂತಕ. ಅವನೀಗ ಮಣೆಯ ಮೇಲೆ ಕೂತ ಒಬ್ಬ ಮುದುಕ, ಅಷ್ಟೇ. "ಹೊರಟ ದಿನವೇ. ಪ್ರವಾಹ ಇದೆ ಅಂತ ಅಂಬಿಗ ಹೇಳಿದ್ದ. ದಾಟಿ ಅಂದ ರಾಜ. ಆಮೇಲೆ ನನ್ನ ಕರೆಸಿ, ಜನಕ್ಕೆ ಏನಾದರೂ ಸಮಾಧಾನ ಆಗೋಹಾಗೆ ಹೇಳು ಅಂದ. ಮರ ಅಂದೆ. ಕೆಟ್ಟದ್ದೇನು ಹೇಳಿದೆ?"

ಅಂದಿನಿಂದ ಅವನು ತನ್ನ ನೀರು ತಾನೇ ಹೊತ್ತುಕೊಂಡ. ರಾಜ ಅದೇ ವಾರ ತೀರ್ಥಯಾತ್ರೆಗೆ ಹೊರಟವನು ಹಿಂದಿರುಗಲಿಲ್ಲ. ಅವನು ಮರವಾಗಿರಬಹುದು ಎಂದು ಯಾರೂ ಹೇಳಲಿಲ್ಲ. ಹೊಳೆಯ ದಂಡೆಯಲ್ಲಿ ಹೆಂಗಸರು ಮುನ್ನೂರು ಹೆಸರು ಕೂಗಿ ಅತ್ತರು. ಆಮೇಲೆ ಮನೆಗೆ ಬಂದು ಅಡುಗೆ ಮಾಡಿದರು. ಹೀಗೆ ಕೇಡು ಕಳೆದು ಎಲ್ಲರೂ ಸುಖವಾಗಿದ್ದರು, ಆ ಪದಕ್ಕೆ ಎಷ್ಟು ಅರ್ಥವಿದೆಯೋ ಅಷ್ಟು.

ಮಲ್ಲಾಜಿ ಕೊಡದ ನೀರಿಗೆ ಬಗ್ಗಿದಾಗ ಯಾರೋ ನಡುವಯಸ್ಸಿನವಳು ಕಂಡಳು. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಅವಳು ಮೂಲೆಯ ಮರದಿಂದ ನಾಲ್ಕು ಸುತ್ತು ನೂಲನ್ನು ಬಿಚ್ಚಿ ಉಂಡೆ ಮಾಡಿದಳು. ಹೆಂಚಿನ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಉದುರಿದ ಹುಲ್ಲನ್ನೆಲ್ಲ ಗುಡಿಸಿ ಕರಡಿಯ ಹೊಟ್ಟೆಗೆ ತುಂಬಿ ಹೊಲಿಗೆ ಹಾಕಿದಳು.

"ಬಿಗಿಯಾಯ್ತಾ?"

"ಸರಿಯಾಗಿದೆ" ಎಂದಿತು ಕರಡಿ. "ಬಾಗಿಲಿಗೆ ಅಡ್ಡ ಕೂರಬೇಡ ಇನ್ನು ಮೇಲೆ."

ಅವಳು ಅಲ್ಲೇ ಉಳಿದಳು. ಧೂಳು ಒರೆಸುವಳು, ಗಾಜು ತೊಳೆಯುವಳು. ಆಗೊಮ್ಮೆ ಈಗೊಮ್ಮೆ ಯಾರಾದರೂ ಬಂದು, ಅಷ್ಟು ಖಂಡಿತವಾಗಿ ಹೇಗೆ ಹೇಳಿದೆ, ಮನಸ್ಸಿಗೆ ಹೊಳೆಯಿತೇ, ಕನಸು ಬಿತ್ತೇ ಎಂದು ಕೇಳುವರು. ಮಲ್ಲಾಜಿ ಅವರನ್ನು ಮಾಚನ ಮರದ ಹತ್ತಿರ ಕರೆದೊಯ್ದು ಸೂಜಿಗಳನ್ನು ತೋರಿಸುವಳು. ಹೊರಗೆ ಹನ್ನೊಂದು ಸುತ್ತು ನೂಲಿತ್ತು. ಒಳಗೆ ಒಂಬೈನೂರ ನಲವತ್ತೆರಡು ಉಂಗುರಗಳಿದ್ದವು.