ಅಂಗಳದ ವ್ಯಾನಿನ ನೀರು

"ಮಾವಶಿ, ನಮ್ಮ ಮನ್ಯಾಗ ಯಾರೋ ವಿಷಾ ಹಾಕ್ಯಾರ್ರೀ!"

ಬ್ರಾಹ್ಮಿ ದ್ರೌಪದಿಬಾಯಿಯ ಹೊಸ್ತಿಲಲ್ಲೇ ಕುಸಿದು ಕೂತಳು. ಪಕ್ಕದ ಮನೆಯ ಧರೆಪ್ಪನ ಕೈಯಲ್ಲಿದ್ದ ಚಹಾ ತುಳುಕಿತು. ಮೂವತ್ತು ವರ್ಷ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರೂ ವಿಷ ಎಂದರೆ ಸಾಕು, ಅವನ ಕೈಕಾಲು ತಣ್ಣಗಾಗುತ್ತಿದ್ದವು. ದ್ರೌಪದಿಬಾಯಿ ನೀರಿನ ಲೋಟ ಚಾಚಿದರೆ ಬ್ರಾಹ್ಮಿ ಹಾವು ಕಂಡಂತೆ ಹಿಂದೆ ಸರಿದಳು.

ದ್ರೌಪದಿಬಾಯಿ ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ನಲವತ್ತು ವರ್ಷ ಎಲೆ ಆರಿಸಿದವರು. ಊರಿನ ಕಗ್ಗಂಟುಗಳು ಪೊಲೀಸರಿಗಿಂತ ಮೊದಲು ಅವರ ಪಡಸಾಲೆಗೆ ಬರುತ್ತಿದ್ದವು. ಧರೆಪ್ಪನ ಕೆಲಸ ಸ್ಕೂಟರ್ ಓಡಿಸುವುದು, ಮತ್ತು ಹೆದರುವುದು.

ಬ್ರಾಹ್ಮಿ ಅಳುತ್ತಲೇ ಹೇಳಿದಳು. ಬೋರಗಾಂವದ ಅವಳ ಜೈನ ಮನೆತನದವರು ಇನ್ನು ಮೂರೇ ದಿನದಲ್ಲಿ, ಜೂನ್ ಆರಂಭಕ್ಕೆ, ನಾರ್ವೆಯ ಉತ್ತರದ ದ್ವೀಪಗಳಿಗೆ ಹೊರಡುವವರಿದ್ದರು. ಅಲ್ಲೊಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಇಪ್ಪತ್ತು ದಿನ ಅದರಲ್ಲೇ ಮಲಗಿ, ಅಡಿಗೆ ಮಾಡಿ, ದ್ವೀಪದಿಂದ ದ್ವೀಪಕ್ಕೆ ಸುತ್ತುವ ಯೋಜನೆ. ರೂಢಿಯಾಗಲೆಂದು ಹಳೆಯ ಟೆಂಪೊವೊಂದನ್ನು ವ್ಯಾನಿನಂತೆ ಮಾಡಿಸಿ, ಅಂಗಳದಲ್ಲೇ ಎಂಟು ದಿನದ ತಾಲೀಮು ನಡೆಸಿದ್ದರು. ಇವತ್ತು ಬೆಳಿಗ್ಗೆ ದಿನದಂತೆ ಎಲ್ಲರಿಗಿಂತ ಮೊದಲು ವ್ಯಾನಿನ ಟಾಕಿಯ ನೀರು ಕುಡಿದ ಗಂಡ ಜಿನೇಂದ್ರ ವಾಂತಿ ಮಾಡಿಕೊಂಡು ಬಿದ್ದಿದ್ದ.

"ತಂಬಾಕಿನ ವಿಷಾ ಅಂದ್ರು ಡಾಕ್ಟರ್ರು. ದವಾಖಾನ್ಯಾಗ ಅದಾರ, ಇನ್ನೂ ಎಚ್ಚರಿಲ್ರೀ. ನಂದು ಅಷ್ಟಮಿ ಉಪವಾಸ, ನೀರೂ ಮುಟ್ಟಂಗಿಲ್ಲ, ಅದಕ್ಕ ಉಳದೆ. ಟಾಕಿ ತುಂಬಿದಾಕಿ ನಾನ, ಅದಕ್ಕ ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ."

ಧರೆಪ್ಪನ ಸ್ಕೂಟರ್ ಬೋರಗಾಂವದ ಅಂಗಳ ಸೇರಿದಾಗ ಮೂವರು ಕಾದಿದ್ದರು. ಅತ್ತೆ ತ್ರಿಶಲಾ, ಮೈದುನ ವೃಷಭ, ವ್ಯಾನ್ ಕಟ್ಟಿದ ಮೆಕ್ಯಾನಿಕ್ ವಿಶಾಲ. ನಿನ್ನೆ ಮೂವರೂ ವ್ಯಾನಿನ ಹತ್ತಿರ ಓಡಾಡಿದವರೇ. ವಿಶಾಲನ ಸೋದರಮಾವನದು ತಂಬಾಕಿನ ವ್ಯಾಪಾರ. ವಿಶಾಲನೇ ಮೊದಲು ಮುಂದೆ ಬಂದ.

"ನನಗೇನೂ ಗೊತ್ತಿಲ್ರೀ, ಬಾಯಾರ!"

"ನಿನ್ನ ಯಾರು ಕೇಳ್ಯಾರೊ?" ಎಂದರು ದ್ರೌಪದಿಬಾಯಿ.

ತ್ರಿಶಲಾಗೆ ಮೊದಲಿಂದಲೂ ಈ ಪ್ರವಾಸ ಹಿಡಿಸಿರಲಿಲ್ಲ. "ಸೂರ್ಯ ಮುಳುಗದ ಊರಾಗ ಹೊತ್ತು ಮುಳುಗೂದ್ರಾಗ ಉಣಬೇಕಂದ್ರ ಹ್ಯಾಂಗ?" ಎಂಬುದು ಅವರ ತಕರಾರು. ಬೋರಗಾಂವದ ಸಮಯಕ್ಕೇ ಉಣ್ಣುವುದೆಂದು ಬ್ರಾಹ್ಮಿ ವ್ಯಾನಿನಲ್ಲಿ ಗಡಿಯಾರ ತೂಗುಹಾಕಿದ್ದಳು. ಎಲ್ಲರಿಗಿಂತ ಹುರುಪು ವೃಷಭನದು. ತಾನೇ ವ್ಯಾನ್ ಓಡಿಸುವುದಾಗಿ ಊರಿಗೆಲ್ಲ ಸಾರಿಕೊಂಡು ಬಂದಿದ್ದ.

ವ್ಯಾನಿನ ಗೋಡೆಯ ಮೇಲೆ ನಕಾಶೆ, ಪಕ್ಕದಲ್ಲಿ ಯೋಜನೆಯ ವಹಿ. ತಂಗುವ ಜಾಗಗಳನ್ನು ಬ್ರಾಹ್ಮಿ ಬರೆದಿದ್ದಳು, ರಸ್ತೆಗಳನ್ನು ಜಿನೇಂದ್ರ. ವ್ಯಾನನ್ನು ಸಮುದ್ರ ದಾಟಿಸುವ ಹಡಗುಗಳ ಪುಟ ಮಾತ್ರ ಖಾಲಿ. ಅದು ವೃಷಭನ ಪಾಲಿನ ಕೆಲಸ.

ಮನೆಗೆ ನಳದ ನೀರು. ಅಂಗಳದ ಹಳೆಯ ಬಾವಿ ತಾಲೀಮಿಗೆ ಮಾತ್ರ. ದ್ವೀಪದ ಹಳ್ಳದ ನೀರನ್ನು ಹೇಗೆ ಸೋಸಬೇಕೋ ಹಾಗೆ ಇದನ್ನೂ ಎರಡು ಪದರದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳು ಸಾಯದಂತೆ ಅದನ್ನು ಅದೇ ಬಾವಿಗೆ ತೊಳೆದು ಬಿಡುತ್ತಿದ್ದರು. ದ್ರೌಪದಿಬಾಯಿ ಟಾಕಿಗೆ ಕೈಹಾಕಿದರು. ತಂಬಾಕಿನ ಒಂದು ಚೂರೂ ಸಿಗಲಿಲ್ಲ. ಬಾವಿಯಿಂದ ಒಂದು ಕೊಡ ಸೇದಿದರು. ಬೆರಳಿಗೆ ಮೂರು ಕಂದು ಚೂರು ಅಂಟಿದವು. ಮೂಸಿ ನೋಡಿ, ಮನೆಯವರಿಗೆ ಕಾಣದಂತೆ ಸೆರಗಿಗೆ ಒರೆಸಿಕೊಂಡರು. 

ಹೊತ್ತಿಳಿಯುವ ಮೊದಲು ದ್ರೌಪದಿಬಾಯಿ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿದರು.

"ವಿಷಾ ಇದ್ದದ್ದು ಟಾಕ್ಯಾಗ. ಬಾವಿ ನೀರು ಚಲೋ ಐತಿ. ತ್ರಿಶಲಾಕಾಕು, ಬಿಸಲಾಗ ಬಾಡಿ ಹೋಗೀರಿ. ಈಗ ಬಾವಿಯಿಂದ ತಂದೇನಿ, ಕುಡೀರಿ."

ಧರೆಪ್ಪ ಕಟ್ಟೆಯಿಂದ ಅರ್ಧ ಎದ್ದ. ತ್ರಿಶಲಾ ಲೋಟ ತುಟಿಗೆ ಒಯ್ದರು.

"ಅವ್ವಾ, ಕುಡೀಬ್ಯಾಡ!"

ವೃಷಭ ಹಾರಿ ಬಂದು ಲೋಟ ಕಿತ್ತೆಸೆದ.

"ಅದು ನಾನು ನಿಪ್ಪಾಣಿಯಿಂದ ತಂದ ನೀರಪ್ಪಾ," ಎಂದರು ದ್ರೌಪದಿಬಾಯಿ. "ಬಾವ್ಯಾಗ ತಂಬಾಕು ಐತಿ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ನಿನಗ ಹ್ಯಾಂಗ ಗೊತ್ತಾತು?"

ವೃಷಭ ಒಂದು ಹೆಜ್ಜೆ ಹಿಂದೆ ಸರಿದ. ದ್ರೌಪದಿಬಾಯಿ ಎಲ್ಲರ ಕಡೆ ತಿರುಗಿದರು.

"ಕೇಳ್ರಿ. ಟಾಕ್ಯಾಗ ಚೂರಿಲ್ಲ, ಅಂದ್ರ ತಂಬಾಕು ನೆನಸಿದ ನೀರನ್ನ ಸೋಸಿ ಹಾಕ್ಯಾರ. ವಿಶಾಲ ಹಾಕಿದ್ರ ಆ ಬಟ್ಟಿ ತಿಪ್ಪಿಗೆ ಒಗೀತಿದ್ದ. ಇದನ್ನ ಮಾಡಿದಂವ ಹುಟ್ಟಿದಾಗಿಂದ ನೀರು ಸೋಸಿದಂವ. ವಿಷಾ ಸೋಸಿದ ಮ್ಯಾಲೂ ಅವನ ಕೈ ರೂಢಿ ಬಿಡಲಿಲ್ಲ; ಬಟ್ಟಿ ಬಾವಿಗೇ ತೊಳೀತು, ಅದಕ್ಕ ಬಾವ್ಯಾಗ ತಂಬಾಕಿನ ಚೂರು. ಹಂಗಿದ್ರ ಮಾಡಿದವ್ರು ಮನಿಯವ್ರ. ತ್ರಿಶಲಾಕಾಕುಗ ಗೊತ್ತಿದ್ರ ಲೋಟಾ ಮುಟ್ಟತಿರಲಿಲ್ಲ. ಬ್ರಾಹ್ಮಿ ಹಾಕಿದ್ರ ಟಾಕಿ ತುಂಬಿದಾಕಿ ನಾನ ಅಂತ ತಾನಾಗೇ ಹೇಳತಿರಲಿಲ್ಲ. ಉಳದಾಂವ ನೀನು. ವ್ಯಾನ್ ಓಡಿಸಾಕ ಕುಣ್ಯಾಂವ ಹಡಗಿನ ಪುಟ ಯಾಕ ಖಾಲಿ ಬಿಟ್ಟಿ?"

ವೃಷಭ ನೆಲಕ್ಕೆ ಕುಸಿದ. "ಸಣ್ಣವಿದ್ದಾಗ ಕುಡಚಿಯೊಳಗ ಕೃಷ್ಣಾ ಹೊಳ್ಯಾಗ ದೋಣಿ ಮುಳುಗಿದ್ದು ನೋಡೇನ್ರೀ. ನೀರಂದ್ರ ಎದಿ ಒಡೀತೈತಿ. ಊರ ತುಂಬ ಹೇಳಿಕೊಂಡು ಬಂದೇನಿ, ಹೆಂಗ ಒಲ್ಲೆ ಅನ್ಲಿ? ಅಣ್ಣ ನಾಲ್ಕು ದಿನ ಮಲಗಿದ್ರ ಹೋಗೂದು ತಪ್ಪತೈತಿ ಅಂದ್ಕೊಂಡೆ."

ಅವನನ್ನು ಠಾಣೆಗೆ ಒಯ್ಯುವ ಮೊದಲು ದವಾಖಾನೆಗೆ ಕರೆದೊಯ್ಯಬೇಕೆಂದು ತ್ರಿಶಲಾ ಹಟ ಹಿಡಿದರು. ಜಿನೇಂದ್ರ ಆಗಷ್ಟೇ ಕಣ್ಣು ತೆರೆದಿದ್ದ. ತಮ್ಮ ಬಿಕ್ಕುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಬ್ರಾಹ್ಮಿ ಅವನ ಕೈ ಬಿಟ್ಟಿರಲಿಲ್ಲ.

"ಎಷ್ಟು ಹಾಕಿದ್ರ ಮನಷ್ಯಾ ಸಾಯ್ತಾನ ಅಂತ ಗೊತ್ತಿತ್ತೇನೊ?" ಎಂದು ಜಿನೇಂದ್ರ ಕೇಳಿದ.

"ಇಲ್ಲಣ್ಣಾ."

"ಗೊತ್ತಿಲ್ದ ಹಾಕಿದಿ," ಎಂದು ಜಿನೇಂದ್ರ ಗೋಡೆಯ ಕಡೆ ಮುಖ ತಿರುಗಿಸಿದ.